ಸಾಂಬಾರ್ ಕುಡಿದ ಕಾರಿಗೆ ಕೊಂಡ ಯಂತ್ರ

ಜೂನ್ ಎರಡನೇ ವಾರ, ಬೆಳಗಿನ ಆರು ಗಂಟೆ. ಡೊಂಬಿವಿಲಿಯಿಂದ ಮಾಟುಂಗಾಕ್ಕೆ ಒಂದು ನಾಮಕರಣದ ಅಡುಗೆ ಒಯ್ಯುತ್ತಿದ್ದೆವು. ಶಿಲ್‌ಫಾಟಾ ರಸ್ತೆಯಲ್ಲಿ ಮೊದಲ ಮಳೆಗೇ ಬಾಯಿ ತೆರೆದಿದ್ದ ಹೊಂಡವನ್ನು ಅಕ್ಕನ ಮಗ ನೋಡಲಿಲ್ಲ. ಹಿಂದಿನ ಸೀಟಿಗೆ ಒರಗಿಸಿದ್ದ ಹದಿನೈದು ಲೀಟರಿನ ಡಬ್ಬಿ ಮಗುಚಿ, ಮುಚ್ಚಳ ಹಾರಿ, ಕಾಲು ಭಾಗ ಸಾಂಬಾರ್ ಸೀಟಿಗೂ ಕೆಳಗಿನ ಕಾರ್ಪೆಟ್‌ಗೂ ಇಳಿಯಿತು. "ಚಿಕ್ಕಮ್ಮಾ, ಡಬ್ಬಿ ಹಿಡಿಯಿರಿ" ಎಂದು ಅವನು ಕೂಗುವ ಹೊತ್ತಿಗೆ ನನ್ನ ಚಪ್ಪಲಿಯೊಳಗೆ ನುಗ್ಗೆಕಾಯಿ ಇತ್ತು.

ಮನೆಗೆ ಬಂದವಳೇ ಬಟ್ಟೆ ಒಗೆಯುವ ಪುಡಿ ಕಲಸಿ ಉಜ್ಜಿದೆ. ಹಳದಿ ಕಲೆ ಕೆಂಪಾಯಿತು. ಅರಿಸಿನಕ್ಕೆ ಸುಣ್ಣ ಬೆರೆಸಿ ಆರತಿಯ ಓಕುಳಿಯನ್ನು ನಾನು ಎಷ್ಟು ಸಲ ಕಲಸಿಲ್ಲ! ಒಗೆಯುವ ಪುಡಿಯೂ ಕ್ಷಾರವೇ ಎಂಬುದು ಮಾತ್ರ ಆಗ ಹೊಳೆಯಲಿಲ್ಲ. ಮೂರನೇ ದಿನಕ್ಕೆ ಕಾರಿನ ಬಾಗಿಲು ತೆರೆದರೆ ಹಳಸಿದ ಬೇಳೆಯ ವಾಸನೆ. ಬಾಡಿಗೆಯ ಅಡುಗೆ ಮಾಡುವವಳ ಕಾರಿನಿಂದ ಆ ವಾಸನೆ ಬಂದರೆ ಮುಂದಿನ ನಾಮಕರಣಕ್ಕೆ ಯಾರು ಕರೆಯುತ್ತಾರೆ? ಹೀಗೆ ಯಂತ್ರದ ಹುಡುಕಾಟ ಶುರುವಾಯಿತು.

ಮನೆಯಲ್ಲಿ ಮೊದಲೇ ಒಂದು ಇತ್ತು. ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸುವ, ಹೇರ್ ಡ್ರೈಯರ್‌ನಂತೆ ಕಾಣುವ ಪುಟ್ಟ ವ್ಯಾಕ್ಯೂಮ್. ಡಬ್ಬದ ಮೇಲೆ ಬರೆದ ಪರಾಕ್ರಮವನ್ನು ನಂಬಬೇಡಿ, ಲೆಕ್ಕ ಹಾಕಿ. ಕಾರಿನ ಆ ತೂತಿನಲ್ಲಿ ಬರುವುದು 12 ವೋಲ್ಟ್. ಅದಕ್ಕೆ ಸಾಮಾನ್ಯವಾಗಿ 10 ಅಥವಾ 15 ಆಂಪಿಯರ್ ಫ್ಯೂಸ್. ಗುಣಿಸಿದರೆ ಹೆಚ್ಚೆಂದರೆ 180 ವ್ಯಾಟ್. ನನ್ನ ಮಿಕ್ಸಿಯೇ 750. ಚೂಡಾ, ಫರ್ಸಾಣದ ಪುಡಿ, ಒಣಗಿದ ಅನ್ನದ ಅಗುಳು ಎತ್ತಲು ಅದು ಸಾಕು, ಅಷ್ಟೇ. ನೀರು ಹೀರಲು ಅದನ್ನು ಹಚ್ಚಿದರೆ ಮೋಟಾರು ಹೋಗುತ್ತದೆ.

ಎದುರು ಮನೆಯವರು ಪ್ರೀತಿಯಿಂದ ಸ್ಟೀಮ್ ಕ್ಲೀನರ್ ಕೊಟ್ಟರು. ಸೀಟಿನ ಒಂದು ಮೂಲೆಗೆ ಹಿಡಿದೆ. ಐದು ನಿಮಿಷದಲ್ಲಿ ಇಡೀ ಕಾರು ಒಲೆಯ ಮೇಲಿಟ್ಟ ಸಾಂಬಾರಿನ ಪಾತ್ರೆಯಾಯಿತು. ಬೇಳೆ, ಹಾಲು, ಮೊಟ್ಟೆಯಂಥ ಪ್ರೋಟೀನಿನ ಕಲೆಗೆ ಬಿಸಿ ತಾಗಿದರೆ ಅದು ಎಳೆಗಳೊಳಗೇ ಬೆಂದು ಗಟ್ಟಿಯಾಗುತ್ತದೆ. ಅಲ್ಲದೆ ಆವಿಯೂ ನೀರೇ, ಹೊರಗಿನಿಂದ ಒಳಗೆ ಹೋಗುತ್ತದೆಯೇ ಹೊರತು ಒಳಗಿನದನ್ನು ಈಚೆ ತರುವುದಿಲ್ಲ. ಚಾವಣಿಯ ಬಟ್ಟೆಗಂತೂ ಹಿಡಿಯಲೇಬೇಡಿ, ಅಂಟು ಬಿಟ್ಟು ಜೋತುಬೀಳುತ್ತದೆ. ಎಸಿಯ ಕಿಂಡಿಗಳನ್ನು ಮಾತ್ರ ಚೆನ್ನಾಗಿ ತೊಳೆಯಿತು. ಧನ್ಯವಾದ ಹೇಳಿ ಹಿಂದಿರುಗಿಸಿದೆ.

ಕೊನೆಗೆ ಒಂದು ಸೋಮವಾರ ಮಸೀದಿ ಬಂದರಿನಲ್ಲಿ ಇಳಿದು ನಾಗದೇವಿ ಬೀದಿಗೆ ಹೋದೆ. ಬೋಲ್ಟು, ಪಂಪು, ಡ್ರಿಲ್ಲು ಎಲ್ಲ ಸಿಗುವ ಆ ಗಲ್ಲಿಯಲ್ಲಿ ಸೀರೆ ಉಟ್ಟವಳನ್ನು ಕಂಡು ಅಂಗಡಿಯವರು ದಾರಿ ತಪ್ಪಿದ್ದಾಳೆ ಎಂದುಕೊಂಡಿರಬೇಕು. ನಾಲ್ಕನೆಯ ಅಂಗಡಿಯವನು ಮಾತ್ರ, "ಭಾಭೀ, ಕಾರಿಗೋ ಕಾರ್ಖಾನೆಗೋ?" ಎಂದು ಸರಿಯಾದ ಪ್ರಶ್ನೆ ಕೇಳಿದ.

ಆರಿಸಿದ್ದು ಒಣ ಕಸ, ನೀರು ಎರಡನ್ನೂ ಹೀರುವ ವ್ಯಾಕ್ಯೂಮ್: 1400 ವ್ಯಾಟ್, 15 ಲೀಟರಿನ ಪ್ಲಾಸ್ಟಿಕ್ ಡ್ರಮ್, ಕೆಳಗೆ ಚಕ್ರ. ಚೌಕಾಸಿ ಮಾಡಿ ಐದೂವರೆ ಸಾವಿರ. ಕಂಪನಿಯ ಹೆಸರು ಬೇಡ, ಏಕೆಂದರೆ ಮುಂದೆ ಬೈಯುವುದಿದೆ.

ಕೊಳ್ಳುವಾಗ ವ್ಯಾಟ್ ನೋಡಿ ಮರುಳಾಗಬಾರದು, ಅದು ಮೀಟರ್ ತಿನ್ನುವ ಲೆಕ್ಕ. ಎಷ್ಟು ಹೀರುತ್ತದೆ ಎಂಬುದನ್ನು ಕಿಲೋಪಾಸ್ಕಲ್‌ನಲ್ಲೋ ಮಿಲಿಬಾರ್‌ನಲ್ಲೋ ಬರೆದಿರುತ್ತಾರೆ, ಅದನ್ನು ಕೇಳಿ. ಬರೆದಿಲ್ಲದಿದ್ದರೆ ಅಂಗಡಿಯಲ್ಲೇ ಚಾಲೂ ಮಾಡಿಸಿ ಪೈಪಿನ ಬಾಯಿಗೆ ಅಂಗೈ ಒಡ್ಡಿ. ನಾನು ಒದ್ದೆ ಬಟ್ಟೆಯೊಂದನ್ನು ಚೀಲದಲ್ಲಿ ಒಯ್ದಿದ್ದೆ. ಬೇರೆ ಅಂಗಡಿಯ 1600 ವ್ಯಾಟಿನ ಯಂತ್ರ ಎಳೆಯುವುದಕ್ಕಿಂತ ಇದು ಹೆಚ್ಚು ಎಳೆಯಿತು. ಸೀಟಿಗೆ ಅಗಲವಾದ ಚಪ್ಪಟೆ ಮೂತಿ ಇದೆಯೇ, ಒದ್ದೆ ಕೆಲಸಕ್ಕೆ ಸ್ಪಂಜಿನ ಫಿಲ್ಟರ್ ಕೊಟ್ಟಿದ್ದಾರೆಯೇ, ಡ್ರಮ್ ತುಂಬಿದಾಗ ಹೀರುವುದನ್ನು ತಡೆಯುವ ತೇಲುಬುರುಡೆ ಇದೆಯೇ ಎಂದು ಮುಚ್ಚಳ ಬಿಚ್ಚಿಸಿ ನೋಡಿದೆ. ಒಣ ಕಸಕ್ಕೆ ಹಾಕುವ ಕಾಗದದ ಚೀಲವನ್ನು ತೆಗೆಯದೆ ನೀರು ಹೀರಿಸಿದರೆ ಅದು ನೆನೆದು ಹಪ್ಪಳದ ಹಿಟ್ಟಾಗುತ್ತದೆ.

ಇನ್ನು ಯಾರೂ ಹೇಳದ ತೊಂದರೆ ಕರೆಂಟಿನದು. ಕಾರು ಕಟ್ಟಡದ ಕೆಳಗೆ, ನನ್ನ ಮನೆ ಮೂರನೇ ಮಹಡಿಯಲ್ಲಿ. 1400 ವ್ಯಾಟ್ ಎಂದರೆ 230 ವೋಲ್ಟಿನಲ್ಲಿ ಆರು ಆಂಪಿಯರ್‌ಗೂ ತುಸು ಹೆಚ್ಚು, ವಾಚ್‌ಮನ್ ಮೊಬೈಲ್ ಚಾರ್ಜ್ ಮಾಡುವ ಪ್ಲಗ್ಗಿಗೆ ಅದು ಭಾರ. ಕಾರ್ಯದರ್ಶಿಯ ಗೊಣಗಾಟ ಕೇಳಿ, ಪಂಪಿನ ಕೋಣೆಯ 16 ಆಂಪಿಯರ್ ಪಾಯಿಂಟಿನಿಂದ ದಪ್ಪ ವೈರ್ ಎಳೆದೆ. ಸುರುಳಿಯನ್ನು ಪೂರ್ತಿ ಬಿಚ್ಚಬೇಕು, ಸುತ್ತಿಕೊಂಡಿದ್ದರೆ ಒಳಗೇ ಕಾದು ಕರಗುತ್ತದೆ. ಯಂತ್ರಕ್ಕಿಂತ ಮೊದಲು ನಿಮ್ಮ ಕಟ್ಟಡದ ಪ್ಲಗ್ ನೋಡಿ ಎಂದು ಇದಕ್ಕೇ ಹೇಳುವುದು.

ಕೆಲಸ ಹೇಗೆ ಮಾಡಿತು? ಸೌಟಿನಿಂದ ಬೇಳೆ ಕೆರೆದು ತೆಗೆದು, ಸೀಟಿನ ಶಾಂಪೂವನ್ನು ನೀರಿನಲ್ಲಿ ತೆಳ್ಳಗೆ ಕಲಸಿ ಸ್ಪ್ರೇ ಬಾಟಲಿಯಲ್ಲಿ ಚಿಮುಕಿಸಿ, ಮೃದುವಾದ ಬ್ರಷ್ ಆಡಿಸಿ ಕೂಡಲೇ ಹೀರಿಸಿದೆ. ಆಮೇಲೆ ಬರೀ ನೀರು, ಮತ್ತೆ ಹೀರುವುದು. ಶಾಂಪೂ ಉಳಿದರೆ ಅದಕ್ಕೇ ಧೂಳು ಅಂಟಿ ಸೀಟು ಬೇಗ ಕೊಳೆಯಾಗುತ್ತದೆ. ಅಡುಗೆಯವಳಲ್ಲವೇ, ಅಳೆದೆ: ಒಟ್ಟು ನಾಲ್ಕು ಲೀಟರ್ ಹಾಕಿದ್ದೆ, ಡ್ರಮ್ಮಿನಲ್ಲಿ ಸಿಕ್ಕಿದ್ದು ಮೂರು ಲೀಟರಿಗೆ ಸ್ವಲ್ಪ ಮೇಲೆ. ಬಣ್ಣ ನೋಡಿದರೆ ರಸಂ ಎಂದು ಬಡಿಸಬಹುದಿತ್ತು.

ಉಳಿದ ಮುಕ್ಕಾಲು ಲೀಟರ್ ಎಲ್ಲಿ? ಕಾರ್ಪೆಟ್‌ನ ಕೆಳಗೆ ದಪ್ಪ ಪದರವೊಂದಿದೆ, ಅದು ಕುಡಿದು ಕೂತಿತ್ತು. ವಾಸನೆಯ ತವರೂ ಅದೇ. ಬಾಗಿಲ ಬಳಿಯ ಪ್ಲಾಸ್ಟಿಕ್ ಪಟ್ಟಿ ಬಿಡಿಸಿ, ಅಂಚು ಎತ್ತಿ, ಮೂತಿಯನ್ನು ಅಲ್ಲಿಗೇ ತೂರಿಸಿ ಹೀರಿಸಿದೆ. ನಂತರ ಎರಡು ರಾತ್ರಿ ಟೇಬಲ್ ಫ್ಯಾನ್. ಮುಂಬಯಿಯ ಮಳೆಗಾಲದಲ್ಲಿ ಗಾಳಿಗೆ ಒಣಗುತ್ತದೆ ಎಂದು ಬಿಟ್ಟರೆ ಬೂಷ್ಟು ಬರುತ್ತದೆ. ಸೀಟನ್ನೇ ಬಿಚ್ಚುವ ಧೈರ್ಯ ಇರುವವರು, ಅಡಿಯಲ್ಲಿ ಹಳದಿ ಕನೆಕ್ಟರಿನ ವೈರ್ ಕಂಡರೆ ಕೈ ಹಚ್ಚಬೇಡಿ, ಅದು ಏರ್‌ಬ್ಯಾಗಿನದು.

ಈಗ ಬೈಗುಳ. ಸದ್ದು ಗಿರಣಿಯದು, ಭಾನುವಾರ ಮಧ್ಯಾಹ್ನ ಹಚ್ಚಿದರೆ ಜಗಳ ಖಂಡಿತ. ಪೈಪು ಗಿಡ್ಡ, ಡ್ರಮ್ಮನ್ನು ಕಾರಿನ ಸುತ್ತ ಪ್ರದಕ್ಷಿಣೆ ಹಾಕಿಸಬೇಕು. ತಿಂಗಳೊಳಗೆ ಮುಚ್ಚಳದ ಒಂದು ಕ್ಲಿಪ್ ಮುರಿಯಿತು. ಗ್ರಾಹಕ ಸೇವೆಯವರು ಮೂರು ಸಲ ದೂರು ಸಂಖ್ಯೆ ಕೊಟ್ಟರು, ಕ್ಲಿಪ್ ಕೊಡಲಿಲ್ಲ. ದಾರ ಕಟ್ಟಿ ನಡೆಸುತ್ತಿದ್ದೇನೆ. ನನ್ನದೂ ಒಂದು ತಪ್ಪು: ಒಮ್ಮೆ ಡ್ರಮ್ ತೊಳೆಯದೆ ನಾಲ್ಕು ದಿನ ಮುಚ್ಚಿಟ್ಟೆ. ತೆರೆದಾಗ ಉಕ್ಕಿ ಹುಳಿಯೇರಿದ ದೋಸೆ ಹಿಟ್ಟಿನ ವಾಸನೆ.

ಠಾಣೆಯಲ್ಲಿ ಅಕ್ಕನ ಮಗನ ಸ್ನೇಹಿತನ ಗ್ಯಾರೇಜಿನಲ್ಲಿ ಕಾರ್ಷರ್ ಕಂಪನಿಯ ಪುಝಿ 10/1 ನೋಡಿದೆ. ಒಂದೇ ಮೂತಿಯಿಂದ ನೀರು ಚಿಮ್ಮಿಸಿ ಅಲ್ಲೇ ಹೀರಿಕೊಳ್ಳುತ್ತದೆ, ಶುದ್ಧ ನೀರಿಗೆ 10 ಲೀಟರಿನ ಟ್ಯಾಂಕ್, ಕೊಳೆ ನೀರಿಗೆ ಬೇರೆ. ಕೆಲಸ ನೋಡಿ ಹೊಟ್ಟೆಯುರಿಯಿತು. ಆದರೆ ದಿನಕ್ಕೆ ನಾಲ್ಕು ಕಾರು ತೊಳೆಯುವವರಿಗೆ ಅದು, ವರ್ಷಕ್ಕೊಮ್ಮೆ ಸಾಂಬಾರ್ ಚೆಲ್ಲುವವರಿಗಲ್ಲ. ನನ್ನ ಡ್ರಮ್ಮಿಗೆ ಐದರಲ್ಲಿ ಮೂರೂವರೆ ಅಂಕ, ಕಳೆದ ಅಂಕದಲ್ಲಿ ಒಂದು ಪೂರ್ತಿ ಆ ಕ್ಲಿಪ್ಪಿಗೆ.

ಕಲೆಯ ಕೆಂಪು ತೊಳೆದಾಗಲೇ ಹೋಗಿತ್ತು. ಹಳದಿಯನ್ನು ಯಾವ ಯಂತ್ರವೂ ತೆಗೆಯಲಿಲ್ಲ, ಅಕ್ಟೋಬರ್ ಬಿಸಿಲು ತೆಗೆಯಿತು. ಬಾಗಿಲು ತೆರೆದು ಹತ್ತು ದಿನ ಗೇಟಿನ ಬಳಿ ನಿಲ್ಲಿಸಿದ್ದೆ. ಮುಂದಿನ ಸೀಟಿನ ಅಡಿ, ಬಿಸಿಲು ತಲುಪದ ಕಡೆ, ಅಂಗೈಯಗಲ ಅರಿಸಿನ ಇನ್ನೂ ಇದೆ. ಅದರ ಮೇಲೆ ರಬ್ಬರ್ ಮ್ಯಾಟ್ ಹಾಸಿದ್ದೇನೆ.