ಬ್ಯಾಂಕು, ಯೂನಿವರ್ಸಿಟಿ ಸೇರಿ ನಡೆಸೋ ಫೈನಾನ್ಷಿಯಲ್ ಕ್ರೈಮ್ ಕೋರ್ಸ್: ಆರು ತಿಂಗಳು ಮುಗಿಸಿದ ಮೇಲೆ ನನ್ನ ರಿವ್ಯೂ

ಒಂದು ದೊಡ್ಡ ಬ್ಯಾಂಕು ಒಂದು ಯೂನಿವರ್ಸಿಟಿ ಜೊತೆ ಸೇರ್ಕೊಂಡು ಹಣಕಾಸು ಅಪರಾಧ ತನಿಖೆ ಮಾಡೋರನ್ನ ತಯಾರು ಮಾಡೋಕೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ನಡೆಸುತ್ತೆ, ಹೋದ ಬ್ಯಾಚಲ್ಲಿ ನಾನು ಮುಗಿಸ್ದೆ. ಸೇರೋ ಮುಂಚೆ ಇಂಥ ಕೋರ್ಸ್ ಮಾಡಿದೋರು ಯಾರಾದ್ರೂ ಕನ್ನಡದಲ್ಲಿ ಬರ್ದಿದಾರಾ ಅಂತ ತುಂಬಾ ಹುಡುಕಿದ್ದೆ, ಸಿಗ್ಲಿಲ್ಲ, ಅದಕ್ಕೇ ಸ್ವಲ್ಪ ಉದ್ದವಾದ್ರೂ ಪರವಾಗಿಲ್ಲ ಅಂತ ಬರೀತಿದೀನಿ. ಬ್ಯಾಂಕಿನ ಹೆಸರು, ಯೂನಿವರ್ಸಿಟಿ ಹೆಸರು ಎರಡೂ ಹೇಳಲ್ಲ, ಯಾಕಂದ್ರೆ ಕೆಳಗೆ ಎರಡು ದೂರೂ ಇವೆ.

ಮೊದಲು ನಾನು ಎಲ್ಲಿಂದ ಬಂದೆ ಅಂತ ಹೇಳಿಬಿಡ್ತೀನಿ. ಮೂರು ವರ್ಷದಿಂದ ಟ್ರಾನ್ಸಾಕ್ಷನ್ ಮಾನಿಟರಿಂಗ್ ಟೀಮಲ್ಲಿದೀನಿ. ಅಂದ್ರೆ ಸಿಸ್ಟಮ್ಮಲ್ಲಿ ರೂಲ್ಸ್ ಇರ್ತಾವೆ, ಇಷ್ಟು ದಿನದಲ್ಲಿ ಇಷ್ಟಕ್ಕಿಂತ ಜಾಸ್ತಿ ಕ್ಯಾಶ್ ಬಂದ್ರೆ, ಸುಮ್ಮನೆ ಮಲಗಿದ್ದ ಅಕೌಂಟ್ ಇದ್ದಕ್ಕಿದ್ದಂಗೆ ಎದ್ದು ಓಡಾಡೋಕೆ ಶುರುಮಾಡಿದ್ರೆ, ದುಡ್ಡು ಬಂದ ಗಂಟೆಯೊಳಗೇ ಪೂರ್ತಿ ಹೊರಗೆ ಹೋದ್ರೆ ಅಲರ್ಟ್ ಬೀಳುತ್ತೆ, ಅದನ್ನ ನೋಡಿ ಕ್ಲೋಸ್ ಮಾಡ್ಬೇಕು ಇಲ್ಲಾ ಮೇಲಕ್ಕೆ ಕಳಿಸ್ಬೇಕು. ಬಹುಪಾಲು ಅಲರ್ಟಲ್ಲಿ ಏನೂ ಇರಲ್ಲ, ಯಾರೋ ಮನೆ ಮಾರಿರ್ತಾರೆ, ಯಾರಿಗೋ ಪಿಎಫ್ ದುಡ್ಡು ಬಂದಿರುತ್ತೆ. ದಿನಕ್ಕೆ ಇಷ್ಟು ಮುಗಿಸ್ಬೇಕು ಅಂತ ಟಾರ್ಗೆಟ್ ಇರೋದ್ರಿಂದ ನಿಧಾನಕ್ಕೆ ಕೈಗೆ ಒಂದು ಅಭ್ಯಾಸ ಬಂದುಬಿಡುತ್ತೆ, ಕ್ಲೋಸ್ ಮಾಡೋಕೆ ಕಾರಣ ಹುಡುಕೋ ಅಭ್ಯಾಸ. ನನಗೆ ಅದು ಬಂದಿತ್ತು, ಅದು ನನಗೇ ಹೆದರಿಕೆ ಹುಟ್ಟಿಸ್ತು, ಅದಕ್ಕೇ ಸೇರಿದ್ದು.

ಕೋರ್ಸ್ ಹೇಗಿರುತ್ತೆ ಅಂದ್ರೆ ವಾರದಲ್ಲಿ ಮೂರು ಸಂಜೆ ಯೂನಿವರ್ಸಿಟಿ ಕ್ಲಾಸು, ಶನಿವಾರ ಪೂರ್ತಿ ಬ್ಯಾಂಕಿನವರ ಲ್ಯಾಬು. ಯೂನಿವರ್ಸಿಟಿ ಕಡೆಯಿಂದ ಕಾನೂನು, ಅಕೌಂಟಿಂಗ್, ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರುಗಳು, ಬ್ಯಾಂಕ್ ಕಡೆಯಿಂದ ನಿಜವಾಗ್ಲೂ ಕೇಸ್ ನೋಡೋ ಸೀನಿಯರ್‌ಗಳು. ಬ್ಯಾಚಲ್ಲಿ ಅರ್ಧ ನನ್ನ ತರ ಕೆಲಸದಲ್ಲಿರೋರು, ಇನ್ನರ್ಧ ಆಗಷ್ಟೇ ಡಿಗ್ರಿ ಮುಗಿಸಿದ ಲಾ, ಕಾಮರ್ಸ್, ಕಂಪ್ಯೂಟರ್ ಸೈನ್ಸ್ ಹುಡುಗ ಹುಡುಗೀರು.

ಮೊದಲನೇ ತಿಂಗಳು ಸಪ್ಪೆ. 1989ರಲ್ಲಿ ಜಿ7 ದೇಶಗಳು ಪ್ಯಾರಿಸ್ ಶೃಂಗಸಭೆಯಲ್ಲಿ ಮನಿ ಲಾಂಡರಿಂಗ್, ಅಂದ್ರೆ ಕೊಳೆ ದುಡ್ಡನ್ನ ಬಿಳಿ ಮಾಡೋದನ್ನ, ತಡೆಯೋಕೆ ಅಂತಾರಾಷ್ಟ್ರೀಯ ಸಂಸ್ಥೆಯಾಗಿ ಎಫ್‌ಎಟಿಎಫ್ ಶುರುಮಾಡಿದ್ದು, ಅದರ 40 ಶಿಫಾರಸುಗಳು, ಕೊಳೆ ದುಡ್ಡು ಮೊದಲು ವ್ಯವಸ್ಥೆಯೊಳಗೆ ಬರೋದು, ಆಮೇಲೆ ಪದರ ಪದರವಾಗಿ ಸುತ್ತಾಡೋದು, ಕೊನೆಗೆ ಮರ್ಯಾದಸ್ಥ ದುಡ್ಡಾಗಿ ಕೂರೋದು ಅನ್ನೋ ಮೂರು ಹಂತ, ಇದೆಲ್ಲ ಬ್ಯಾಂಕಿನ ಆನ್‌ಲೈನ್ ಟ್ರೈನಿಂಗಲ್ಲೂ ವರ್ಷವರ್ಷ ನೋಡಿರ್ತೀವಿ. ಹೊಸಬರಿಗೆ ಬೇಕು, ನಮಗೆ ಎರಡು ವಾರದಲ್ಲಿ ಮುಗಿಸಬಹುದಿತ್ತು.

ಎರಡನೇ ತಿಂಗಳಿಂದ ಬೇರೆ ಕೋರ್ಸೇ ಅನ್ಸುತ್ತೆ. 2016ರ ಬಾಂಗ್ಲಾದೇಶ್ ಬ್ಯಾಂಕ್ (ಆ ದೇಶದ ಕೇಂದ್ರ ಬ್ಯಾಂಕು) ಕಳ್ಳತನ ಒಂದನ್ನೇ ಮೂರು ಶನಿವಾರ ಬಿಡಿಸಿದ್ರು. ನಾನು ಅದನ್ನ ಹ್ಯಾಕಿಂಗ್ ಕಥೆ ಅಂತಲೇ ತಿಳ್ಕೊಂಡಿದ್ದೆ. ಕಳ್ಳರು ಬ್ಯಾಂಕುಗಳು ಒಂದಕ್ಕೊಂದು ದುಡ್ಡಿನ ಆರ್ಡರ್ ಕಳಿಸೋಕೆ ಬಳಸೋ ಸ್ವಿಫ್ಟ್ ವ್ಯವಸ್ಥೆ ಮೂಲಕ, ಬಾಂಗ್ಲಾದೇಶ್ ಬ್ಯಾಂಕಿನ ಅಕೌಂಟ್ ಇದ್ದ ನ್ಯೂಯಾರ್ಕ್ ಫೆಡರಲ್ ರಿಸರ್ವ್‌ಗೆ ಆರ್ಡರ್‌ಗಳನ್ನ ಕಳಿಸಿ ಸುಮಾರು 95 ಕೋಟಿ ಡಾಲರ್ ಎತ್ತೋಕೆ ನೋಡಿದ್ರು, 8.1 ಕೋಟಿ ಡಾಲರ್ ಫಿಲಿಪೀನ್ಸ್‌ನ ಒಂದು ಬ್ಯಾಂಕ್ ಶಾಖೆಗೆ ಹೋಗಿ ಅಲ್ಲಿಂದ ಕ್ಯಾಸಿನೋ ಸೇರ್ತು, ಶ್ರೀಲಂಕಾಕ್ಕೆ ಹೊರಟಿದ್ದ 2 ಕೋಟಿ ಡಾಲರ್ ಮಾತ್ರ ಫೌಂಡೇಶನ್ ಅನ್ನೋ ಪದದ ಸ್ಪೆಲಿಂಗ್ ತಪ್ಪಿದ್ದಕ್ಕೆ ಮಧ್ಯದ ಬ್ಯಾಂಕಿಗೆ ಅನುಮಾನ ಬಂದು ಸಿಕ್ಕಿಬಿತ್ತು, ಇಷ್ಟು ಎಲ್ಲರಿಗೂ ಗೊತ್ತು.

ಲ್ಯಾಬಲ್ಲಿ ಕಲಿಸ್ತಿದ್ದ ಬ್ಯಾಂಕಿನ ಸೀನಿಯರ್ ಮೇಡಂ ಮಾಡಿದ್ದೇನಂದ್ರೆ ಹ್ಯಾಕಿಂಗ್ ಭಾಗವನ್ನ ಪಕ್ಕಕ್ಕಿಟ್ಟು ನಮ್ಮ ಮುಂದೆ ಬರೀ ಒಂದು ಕ್ಯಾಲೆಂಡರ್ ಇಟ್ರು. ಫೆಬ್ರವರಿ 4 ಗುರುವಾರ ರಾತ್ರಿ ಆರ್ಡರ್ ಹೋಗಿದೆ. ಶುಕ್ರವಾರ ಢಾಕಾದಲ್ಲಿ ವಾರದ ರಜೆ. ಅಲ್ಲಿ ಗೊತ್ತಾಗೋ ಹೊತ್ತಿಗೆ ನ್ಯೂಯಾರ್ಕಲ್ಲಿ ಶನಿವಾರ ಭಾನುವಾರ. ಸೋಮವಾರ ಮನಿಲಾದಲ್ಲಿ ಚೀನೀ ಹೊಸವರ್ಷದ ರಜೆ. "ಈಗ ನೀವು ಆ ಮನಿಲಾ ಶಾಖೆಯ ಮಾನಿಟರಿಂಗ್ ಟೀಮು ಅಂದ್ಕೊಳ್ಳಿ, ನಿಮಗೆ ಹ್ಯಾಕಿಂಗ್ ಬಗ್ಗೆ ಏನೂ ಗೊತ್ತಿಲ್ಲ, ಏನು ಕಾಣುತ್ತೆ ಹೇಳಿ" ಅಂದ್ರು. ನಾಲ್ಕು ಅಕೌಂಟು, 2015ರ ಮೇ ತಿಂಗಳಲ್ಲಿ ತಲಾ 500 ಡಾಲರ್ ಹಾಕಿ ತೆಗೆದಿರೋದು, ಆಮೇಲೆ ತಿಂಗಳುಗಟ್ಟಲೆ ಒಂದೇ ಒಂದು ವ್ಯವಹಾರ ಇಲ್ಲ, ಈಗ ಒಂದೇ ಸಲಕ್ಕೆ ಕೋಟಿಗಟ್ಟಲೆ ಡಾಲರ್. ನನಗೆ ಮೈ ಜುಮ್ ಅಂತು, ಯಾಕಂದ್ರೆ ಇದು ನಾನು ದಿನಾ ನೋಡೋ ಅಲರ್ಟೇ, ಮಲಗಿದ್ದ ಅಕೌಂಟ್ ಎದ್ದಿದ್ದು. ಮೊತ್ತ ಚಿಕ್ಕದಾಗಿದ್ದಿದ್ರೆ "ಗ್ರಾಹಕರು ಆಸ್ತಿ ಮಾರಿರಬಹುದು" ಅಂತ ಕ್ಲೋಸ್ ಮಾಡಿರ್ತಿದ್ದೆ. ಆ ಕಾಲಕ್ಕೆ ಅಲ್ಲಿನ ಮನಿ ಲಾಂಡರಿಂಗ್ ಕಾನೂನಿನ ವ್ಯಾಪ್ತಿಗೆ ಕ್ಯಾಸಿನೋಗಳು ಬರ್ತಾನೇ ಇರ್ಲಿಲ್ಲ, 2017ರಲ್ಲಿ ಸೇರಿಸಿದ್ರು. ಅಂದ್ರೆ ದುಡ್ಡು ಬ್ಯಾಂಕಿಂದ ಆಚೆ ಕಾಲಿಟ್ಟ ಮೇಲೆ ಕೇಳೋರೇ ಇಲ್ಲ. ಕಾನೂನಿನ ಮೇಷ್ಟ್ರು ಅದನ್ನ ಆ ವಾರದ ಸಂಜೆ ಕ್ಲಾಸಲ್ಲಿ ತಗೊಂಡ್ರು, ಶನಿವಾರ ಕಂಡಿದ್ದಕ್ಕೆ ಬುಧವಾರ ಕಾರಣ ಸಿಕ್ತು. ಎರಡು ಸಂಸ್ಥೆ ಸೇರಿ ಮಾಡೋದ್ರಲ್ಲಿ ಏನು ಲಾಭ ಅಂತ ಕೇಳಿದ್ರೆ ನಾನು ತೋರಿಸೋದು ಆ ವಾರವನ್ನ.

ಸ್ಟ್ಯಾಟಿಸ್ಟಿಕ್ಸ್ ಸಾರ್ ಬಗ್ಗೆಯೂ ಹೇಳ್ಬೇಕು. ಬೆನ್‌ಫೋರ್ಡ್ ನಿಯಮ ಅಂತ ಒಂದಿದೆ, ಸಹಜವಾಗಿ ಹುಟ್ಟೋ ಸಂಖ್ಯೆಗಳಲ್ಲಿ ಮೊದಲ ಅಂಕಿ 1 ಆಗಿರೋದು ಸುಮಾರು ಶೇ. 30 ಸಲ, 9 ಆಗಿರೋದು ಶೇ. 5ಕ್ಕಿಂತ ಕಡಿಮೆ, ಕೈಯಲ್ಲಿ ಕಟ್ಟಿದ ಸುಳ್ಳು ಲೆಕ್ಕದಲ್ಲಿ ಈ ಹಂಚಿಕೆ ಹಾಳಾಗಿರುತ್ತೆ. ನಾವೆಲ್ಲ ಖುಷಿಯಿಂದ ಸಿಕ್ಕ ಸಿಕ್ಕ ಫೈಲಿಗೆ ಅದನ್ನ ಓಡಿಸಿದ್ವಿ, ಒಂದು ಸ್ಕೂಲಿನ ಅಕೌಂಟ್ ಪೂರ್ತಿ ಕೆಂಪಾಗಿ ಬಂತು, ಹಿಡಿದೇಬಿಟ್ವಿ ಅಂದ್ಕೊಂಡ್ವಿ. ಸಾರ್ ಸಮಾಧಾನವಾಗಿ "ಸ್ಕೂಲ್ ಫೀಸು ಎಲ್ಲರಿಗೂ ಒಂದೇ ತಾನೇ, ಎಲ್ಲಾ ಎಂಟ್ರಿನೂ ಒಂದೇ ಅಂಕಿಯಿಂದ ಶುರುವಾಗಲೇಬೇಕಲ್ವಾ" ಅಂದ್ರು. ಯಾವ ಲೆಕ್ಕಕ್ಕೆ ಯಾವ ಅಳತೆಗೋಲು ಹಿಡೀಬಾರದು ಅನ್ನೋದನ್ನ ಅಷ್ಟು ಚೆನ್ನಾಗಿ ಯಾವ ಸಾಫ್ಟ್‌ವೇರ್ ಕಂಪನಿಯ ಡೆಮೋನೂ ನನಗೆ ಹೇಳ್ಕೊಟ್ಟಿರ್ಲಿಲ್ಲ.

ಆದ್ರೆ ಕೋರ್ಸಿನ ಜೀವ ಇರೋದು ರಿಪೋರ್ಟ್ ಬರೆಯೋದ್ರಲ್ಲಿ. ಅನುಮಾನ ಬಂದ ವ್ಯವಹಾರದ ಬಗ್ಗೆ ಬ್ಯಾಂಕು ಸರ್ಕಾರದ ಫೈನಾನ್ಷಿಯಲ್ ಇಂಟೆಲಿಜೆನ್ಸ್ ಘಟಕಕ್ಕೆ ಕಳಿಸೋ ವರದಿ ಇದ್ಯಲ್ಲ, ಎಸ್‌ಟಿಆರ್, ಅದರಲ್ಲಿ ಏನಾಗಿದೆ ಅಂತ ಮಾತಲ್ಲಿ ವಿವರಿಸೋ ಭಾಗ ಒಂದಿರುತ್ತೆ. ಮೂರು ವರ್ಷದಿಂದ ಅದನ್ನ ಟೆಂಪ್ಲೇಟ್ ನೋಡ್ಕೊಂಡು ತುಂಬಿಸ್ತಿದ್ದೆ. ನಾನು ಲ್ಯಾಬಲ್ಲಿ ಬರೆದ ಮೊದಲನೇ ವರದಿ ಒಂದೂವರೆ ಪುಟ ಇತ್ತು. ಮೇಡಂ ಕೆಂಪು ಪೆನ್ ತಗೊಂಡು ಅನುಮಾನಾಸ್ಪದ ಅನ್ನೋ ಪದ ಎಲ್ಲೆಲ್ಲಿತ್ತೋ ಅಲ್ಲೆಲ್ಲ ಒಂದೊಂದು ಗೆರೆ ಎಳೆದ್ರು, ಏಳು ಕಡೆ ಇತ್ತು, ಎಳೆದು ಪಕ್ಕದಲ್ಲಿ ಪ್ರತಿಸಲ ಒಂದೇ ಪದ ಬರೆದ್ರು, "ಯಾಕೆ?" ಅಂತ. ಆಮೇಲೆ ಪಕ್ಕ ಕೂತು ಹೇಳಿದ್ರು, ಇದನ್ನ ಓದೋ ಅಧಿಕಾರಿ ಈ ಗ್ರಾಹಕನನ್ನ ನೋಡಿಲ್ಲ, ಈ ಶಾಖೆ ನೋಡಿಲ್ಲ, ಅವರ ಮೇಜಿನ ಮೇಲೆ ಇಂಥವು ರಾಶಿ ಬಿದ್ದಿರ್ತಾವೆ, ಈ ವ್ಯಕ್ತಿ ಯಾರು, ಇವನಿಂದ ನಾವು ಸಾಮಾನ್ಯವಾಗಿ ಏನು ನಿರೀಕ್ಷೆ ಮಾಡ್ತೀವಿ, ಯಾವತ್ತು ಅದು ಬದಲಾಯ್ತು, ದುಡ್ಡು ಎಲ್ಲಿಂದ ಎಲ್ಲಿಗೆ ಹೋಯ್ತು, ನೀವು ಯಾರನ್ನ ಏನು ಕೇಳಿದ್ರಿ, ಏನು ಉತ್ತರ ಬಂತು, ಇದಿಷ್ಟಿದ್ರೆ ಅನುಮಾನ ಅನ್ನೋ ಪದವೇ ಬೇಕಾಗಲ್ಲ, ಓದೋರಿಗೆ ತಾನಾಗೇ ಬರುತ್ತೆ. ಅದೇ ವರದಿಯನ್ನ ನಾಲ್ಕು ಸಲ ಬರೆಸಿದ್ರು. ನಾಲ್ಕನೇದು ಮುಕ್ಕಾಲು ಪುಟ ಆಯ್ತು, ಅದರಲ್ಲಿ ಆ ಪದ ಒಂದು ಸಲವೂ ಇರ್ಲಿಲ್ಲ.

ಕಂಪ್ಯೂಟರ್ ಸೈನ್ಸ್ ಓದಿದ ಒಬ್ಬ ಹುಡುಗ ನನ್ನ ಟೀಮಲ್ಲಿದ್ದ, ಅಕೌಂಟ್‌ಗಳ ನಡುವಿನ ಸಂಬಂಧನ ಬಲೆ ತರ ಚಿತ್ರ ಮಾಡಿ ಅರ್ಧ ಗಂಟೇಲಿ ತೋರಿಸ್ತಿದ್ದ, ನನಗೆ ಒಂದು ದಿನ ಹಿಡಿಯೋ ಕೆಲಸ. ಅವನಿಗೆ ಗೊತ್ತಿಲ್ಲದೇ ಇದ್ದಿದ್ದು ಆ ಬಲೆಯ ಒಂದೊಂದು ಚುಕ್ಕಿಯೂ ಒಬ್ಬ ಮನುಷ್ಯ ಅನ್ನೋದು. ಒಂದು ಕೇಸಲ್ಲಿ ಹದಿನಾಲ್ಕು ಮ್ಯೂಲ್ ಅಕೌಂಟ್ ಇತ್ತು, ಬಾಡಿಗೆ ಅಕೌಂಟ್ ಅಂತಾರಲ್ಲ ಅವು, ಹೆಚ್ಚಿನವು ಕಾಲೇಜು ಹುಡುಗರದ್ದು, ಪಾರ್ಟ್ ಟೈಮ್ ಕೆಲಸ ಕೊಡ್ತೀವಿ ಅಂತ ನಂಬಿಸಿ ಅಕೌಂಟ್ ತಗೊಂಡಿರೋ ತರ ಕೇಸ್ ಕಟ್ಟಿದ್ರು. ಅವನು ಹದಿನಾಲ್ಕೂ ಜನರನ್ನ ಆರೋಪಿಗಳು ಅಂತಲೇ ಬರೆದ. ನಾನು ಒಪ್ಲಿಲ್ಲ. ಆ ದುಡ್ಡಿನ ಇನ್ನೊಂದು ತುದೀಲಿ ಜೀವಮಾನದ ಉಳಿತಾಯ ಕಳ್ಕೊಂಡ ಒಬ್ಬ ವಯಸ್ಸಾದವರು, ಈ ತುದೀಲಿ ತಾನು ಏನು ಮಾಡಿದೀನಿ ಅಂತ ಗೊತ್ತೇ ಇಲ್ಲದ ಹತ್ತೊಂಬತ್ತು ವರ್ಷದ ಹುಡುಗ, ಮಧ್ಯದಲ್ಲಿ ಇಬ್ಬರನ್ನೂ ಬಳಸ್ಕೊಂಡೋನು ಮಾತ್ರ ಕಾಗದದಲ್ಲಿ ಎಲ್ಲೂ ಇಲ್ಲ. ಗೊತ್ತಿದ್ದೂ ಬಾಡಿಗೆಗೆ ಕೊಟ್ಟೋರೂ ಇರ್ತಾರೆ, ಅದನ್ನೂ ಬೇರೆ ಮಾಡಿ ಬರೀಬೇಕು. ಎರಡು ಗಂಟೆ ಜಗಳ ಆಡಿ ಕೊನೆಗೆ ವರದೀನ ಮೂರು ಗುಂಪಾಗಿ ವಿಂಗಡಿಸಿ ಕೊಟ್ವಿ. ಕೆಲಸದ ಜಾಗದಲ್ಲಿ ಇಂಥ ಜಗಳಕ್ಕೆ ಟೈಮೇ ಸಿಗಲ್ಲ, ಅದಕ್ಕೆ ಜಾಗ ಮಾಡಿಕೊಟ್ಟಿದ್ದಕ್ಕೆ ನಾನು ಈ ಕೋರ್ಸಿಗೆ ಋಣಿ.

ಈಗ ದೂರುಗಳು.

ಮೊದಲನೇದು ಡೇಟಾ. ಗ್ರಾಹಕರ ಗೌಪ್ಯತೆ ಇರೋದ್ರಿಂದ ನಿಜವಾದ ಫೈಲು ಕೊಡೋಕಾಗಲ್ಲ, ಅದು ಸರಿಯೇ, ಕೊಡಲೂಬಾರದು. ಆದ್ರೆ ಬ್ಯಾಂಕಿನವರು ಕೃತಕವಾಗಿ ತಯಾರು ಮಾಡಿದ ಡೇಟಾ ತೀರಾ ಅಚ್ಚುಕಟ್ಟು. ಹೆಸರುಗಳ ಸ್ಪೆಲಿಂಗ್ ಎಲ್ಲಾ ಕಡೆ ಒಂದೇ ತರ, ವಿಳಾಸ ಪೂರ್ತಿ, ಪ್ರತಿ ಫೈಲಲ್ಲೂ ಕೊನೆಗೆ ಒಬ್ಬ ಕಳ್ಳ ಇದ್ದೇ ಇರ್ತಾನೆ. ನಿಜ ಜೀವನದಲ್ಲಿ ಒಬ್ಬರದೇ ಹೆಸರು ಮೂರು ಅಕೌಂಟಲ್ಲಿ ಮೂರು ತರ ಇರುತ್ತೆ, ಉದ್ಯೋಗದ ಜಾಗದಲ್ಲಿ "ಇತರೆ" ಅಂತ ಇರುತ್ತೆ, ನೂರು ಫೈಲು ನೋಡಿದ್ರೂ ಒಂದರಲ್ಲೂ ಏನೂ ಸಿಗದೇ ಇರಬಹುದು. ಹೊಸ ಹುಡುಗರು ಇಲ್ಲಿಂದ ಹೋದ ಮೇಲೆ ಎಲ್ಲರಲ್ಲೂ ಕಳ್ಳನ್ನ ಹುಡುಕ್ತಾರೆ, ಇಲ್ಲಾ ಎರಡೇ ತಿಂಗಳಲ್ಲಿ ಬೇಜಾರಾಗಿ ನಾನು ಮಾಡ್ತಿದ್ದಂಗೆ ಕ್ಲೋಸ್ ಮಾಡ್ತಾ ಕೂರ್ತಾರೆ ಅನ್ನೋ ಭಯ ನನಗೆ ನಿಜವಾಗ್ಲೂ ಇದೆ. ಏನೂ ತಪ್ಪಿಲ್ಲದ ಫೈಲನ್ನ ಗುರುತಿಸಿ, ಯಾಕೆ ತಪ್ಪಿಲ್ಲ ಅಂತ ಬರೆದು ಮುಚ್ಚೋದೂ ತನಿಖೆಯೇ. ಒಬ್ಬ ಅಮಾಯಕನ ಅಕೌಂಟ್ ಸುಮ್ಮಸುಮ್ಮನೆ ಫ್ರೀಜ್ ಆದ್ರೆ ಆ ತಿಂಗಳ ಸಂಬಳ ಕೈಗೆ ಸಿಗದೆ ಅವನ ಮನೆ ಏನಾಗುತ್ತೆ ಅಂತ ಒಂದು ಶನಿವಾರ ಆದ್ರೂ ಮಾತಾಡ್ಬೇಕಿತ್ತು. ಫೀಡ್‌ಬ್ಯಾಕ್ ಫಾರಮ್ಮಲ್ಲಿ ಇದನ್ನ ಪೂರ್ತಿ ಬರ್ದುಕೊಟ್ಟಿದೀನಿ.

ಎರಡನೇದು ಸ್ವಲ್ಪ ಕಹಿ. ಕೋರ್ಸ್ ಮುಗಿಸಿದ ಫ್ರೆಶರ್‌ಗಳಿಗೆ ಬ್ಯಾಂಕು ಕೆಲಸ ಕೊಡುತ್ತೆ ಅಂತ ಮೊದಲೇ ಹೇಳಿರ್ತಾರೆ, ಆದ್ರೆ ಎರಡು ವರ್ಷ ಬಿಡಂಗಿಲ್ಲ, ಬಿಟ್ರೆ ಫೀಸಿನ ಸಬ್ಸಿಡಿ ವಾಪಸ್ ಕಟ್ಬೇಕು ಅನ್ನೋ ಬಾಂಡ್ ಇರೋದು ಐದನೇ ತಿಂಗಳಲ್ಲಿ ಗೊತ್ತಾಯ್ತು. ಬಾಂಡ್ ಕೇಳೋದೇ ತಪ್ಪು ಅಂತ ನಾನು ಹೇಳಲ್ಲ, ಖರ್ಚು ಮಾಡಿ ಕಲಿಸ್ತಾರೆ. ಆದ್ರೆ ಸೇರೋ ದಿನ ಹೇಳ್ಬೇಕಿತ್ತು. ದುಡ್ಡಿನ ವಿಷಯದಲ್ಲಿ ಏನನ್ನ ಮುಚ್ಚಿಟ್ಟಿದಾರೆ ಅಂತ ಹುಡುಕೋದನ್ನೇ ಕಲಿಸೋ ಜಾಗದಲ್ಲಿ ಹೀಗಾಗಿದ್ದು ನನ್ನ ಜೊತೆಗಿದ್ದ ಹುಡುಗ ಹುಡುಗೀರಿಗೆ ತುಂಬಾ ನೋವು ಕೊಡ್ತು, ಇಬ್ಬರು ಕೋರ್ಸನ್ನೇ ಬಿಟ್ಟು ಹೋದ್ರು, ಅದರಲ್ಲಿ ಒಬ್ಬಳು ನಮ್ಮ ಬ್ಯಾಚಲ್ಲೇ ಚೆನ್ನಾಗಿ ವರದಿ ಬರೀತಿದ್ದೋಳು. ಯೂನಿವರ್ಸಿಟಿಯವರನ್ನ ಕೇಳಿದ್ರೆ ಅದು ಬ್ಯಾಂಕಿನ ವಿಷಯ ಅಂದ್ರು, ಬ್ಯಾಂಕಿನವರು ಅಡ್ಮಿಷನ್ ಕಾಗದ ಯೂನಿವರ್ಸಿಟಿ ಜವಾಬ್ದಾರಿ ಅಂದ್ರು.

ಇನ್ನೊಂದು ಮಾತು, ದೂರು ಅಂತ ಅಲ್ಲ, ಆದ್ರೆ ನನ್ನ ಮನಸ್ಸಲ್ಲಿ ಉಳಿದಿರೋದು. ಬ್ಯಾಂಕೇ ದುಡ್ಡು ಹಾಕಿ ನಡೆಸೋ ಕೋರ್ಸಲ್ಲಿ ಬ್ಯಾಂಕುಗಳೇ ಮಾಡಿದ ತಪ್ಪನ್ನ ಎಷ್ಟು ಬಿಚ್ಚಿ ಹೇಳ್ತಾರೆ ಅಂತ ನೋಡ್ತಾ ಇದ್ದೆ. ಡ್ಯಾನ್‌ಸ್ಕೆ ಬ್ಯಾಂಕಿನ ಎಸ್ಟೋನಿಯಾ ಶಾಖೆ ಮೂಲಕ 2007ರಿಂದ 2015ರವರೆಗೆ ಸುಮಾರು 20,000 ಕೋಟಿ ಯೂರೋ ಹರಿದು ಹೋಗಿತ್ತು, ಅದರಲ್ಲಿ ದೊಡ್ಡ ಪಾಲು ಅನುಮಾನದ್ದು, ಒಳಗಿನ ಉದ್ಯೋಗಿಯೊಬ್ಬರು ಮೇಲಿನವರಿಗೆ ಎಚ್ಚರಿಕೆ ಕೊಟ್ಟಿದ್ರೂ ವರ್ಷಗಟ್ಟಲೆ ಹೊರಗೆ ಬರ್ಲಿಲ್ಲ. ಎಚ್‌ಎಸ್‌ಬಿಸಿ 2012ರಲ್ಲಿ ಅಮೆರಿಕಕ್ಕೆ 190 ಕೋಟಿ ಡಾಲರ್ ಕಟ್ಟಿ ಒಪ್ಪಂದ ಮಾಡ್ಕೊಂಡ ಕೇಸಲ್ಲಿ, ಮೆಕ್ಸಿಕೋ ಶಾಖೆಗಳ ಕ್ಯಾಶ್ ಕೌಂಟರಿನ ಕಿಂಡಿ ಅಳತೆಗೆ ಸರಿಯಾಗಿ ಕೂರೋ ಪೆಟ್ಟಿಗೆಗಳಲ್ಲಿ ಡ್ರಗ್ಸ್ ದುಡ್ಡು ತುಂಬಿ ತರ್ತಿದ್ರು ಅಂತ ತನಿಖೆಯವರು ಹೇಳಿದ್ರು. ಎರಡನ್ನೂ ಕ್ಲಾಸಲ್ಲಿ ತಗೊಂಡ್ರು, ಅದಕ್ಕೆ ಮೆಚ್ಚುಗೆ ಇದೆ. ಆದ್ರೆ ತಗೊಂಡಿದ್ದು ಯೂನಿವರ್ಸಿಟಿ ಮೇಷ್ಟ್ರು, ಒಂದೇ ಸಂಜೆ. ಆ ಪೆಟ್ಟಿಗೇನ ಕೌಂಟರಲ್ಲಿ ತಗೊಂಡ ಕ್ಯಾಶಿಯರ್ ಏನು ಮಾಡ್ಬೇಕಿತ್ತು, ಮ್ಯಾನೇಜರ್ ಸುಮ್ಮನಿರು ಅಂದ್ರೆ ಯಾರ ಹತ್ರ ಹೋಗ್ಬೇಕಿತ್ತು ಅಂತ ಶನಿವಾರದ ಲ್ಯಾಬಲ್ಲಿ, ಬ್ಯಾಂಕಿನವರ ಬಾಯಿಂದಲೇ ಕೇಳ್ಬೇಕು ಅಂತ ನನಗೆ ಆಸೆ ಇತ್ತು.

ಇಷ್ಟೆಲ್ಲ ಇದ್ರೂ ಐದರಲ್ಲಿ ನಾಲ್ಕು ಕೊಡ್ತೀನಿ. ಒಂದೆರಡು ವರ್ಷ ಮಾನಿಟರಿಂಗಲ್ಲೋ, ಕೆವೈಸಿಲೋ, ಶಾಖೇಲೋ ಕೆಲಸ ಮಾಡಿದೋರು ಕಣ್ಣು ಮುಚ್ಕೊಂಡು ಸೇರಬಹುದು. ವಾಪಸ್ ಬಂದ ಮೇಲೆ ನನ್ನ ದಿನದ ಲೆಕ್ಕ ಕಡಿಮೆ ಆಗಿದೆ, ಮ್ಯಾನೇಜರ್ ಜೊತೆ ಎರಡು ಸಲ ಮಾತೂ ಆಯ್ತು, ಆದ್ರೆ ನಾನು ಕಳಿಸಿದ ವರದಿಗಳಲ್ಲಿ ವಿವರ ಸಾಲದು ಅಂತ ವಾಪಸ್ ಬರೋದು ಹೆಚ್ಚುಕಮ್ಮಿ ನಿಂತಿದೆ. ಫ್ರೆಶರ್‌ಗಳಾದ್ರೆ ಸೇರೋ ಮುಂಚೆ ಬಾಂಡ್ ಇದ್ಯಾ, ಇದ್ರೆ ಎಷ್ಟು ವರ್ಷ, ಬಿಟ್ರೆ ಎಷ್ಟು ಕಟ್ಬೇಕು ಅಂತ ಇಬ್ಬರ ಹತ್ರನೂ ಕೇಳಿ, ಉತ್ತರಾನ ಮೇಲ್‌ನಲ್ಲಿ ತರಿಸ್ಕೊಳ್ಳಿ. ಫೋನಲ್ಲಿ ಹೇಳಿದ್ದನ್ನ ನಂಬ್ಕೊಂಡು ಫೀಸ್ ಕಟ್ಬೇಡಿ.