ಎಣ್ಣೆ ಬಾಯ್ಲರ್ ಜೊತೆಗೊಂದು ಸೌದೆ ಒಲೆ: ಕೆಲವು ಚಳಿಗಾಲ ಬಳಸಿದ ಮೇಲೆ

ನಾವಿರುವುದು ಅಮೆರಿಕದ ಮೇನ್ ರಾಜ್ಯದಲ್ಲಿ. ಇಲ್ಲಿ ಸುಮಾರು ಅರ್ಧದಷ್ಟು ಮನೆಗಳನ್ನು ಚಳಿಗಾಲದಲ್ಲಿ ಬೆಚ್ಚಗಿಡುವುದು ಹೀಟಿಂಗ್ ಆಯಿಲ್, ಅಂದರೆ ಡೀಸೆಲ್‌ನಂಥ ಎಣ್ಣೆ. ನಮ್ಮದೂ ಅದೇ ವ್ಯವಸ್ಥೆ. ನೆಲಮಾಳಿಗೆಯಲ್ಲಿ ಬಾಯ್ಲರ್, ಅಲ್ಲಿಂದ ಪ್ರತಿ ಕೋಣೆಯ ಗೋಡೆಯಂಚಿಗೆ ಬಿಸಿನೀರಿನ ಪೈಪು. 2022ರಲ್ಲಿ ಎಣ್ಣೆ ಗ್ಯಾಲನ್‌ಗೆ 5 ಡಾಲರ್ ದಾಟಿದಾಗ ಹಾಲ್‌ನಲ್ಲಿ ಯೋಟುಲ್ ಕಂಪನಿಯ ಎರಕದ ಕಬ್ಬಿಣದ ಸೌದೆ ಒಲೆ ಕೂರಿಸಿದೆವು. ಬಾಯ್ಲರ್ ಹಾಗೇ ಇದೆ.

ಒಲೆ ತುಂಬಾ ಚೆನ್ನಾಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಆದರೆ ಬೆಂಕಿ ಇಳಿದ ಮೇಲೂ ಕಬ್ಬಿಣ ಗಂಟೆಗಟ್ಟಲೆ ಬಿಸಿಯಾಗಿರುತ್ತದೆ. ರಾತ್ರಿ ಮಲಗುವ ಮುಂಚೆ ದಪ್ಪ ಕೊರಡು ಹಾಕಿ, ಅದು ಚೆನ್ನಾಗಿ ಹತ್ತಿಕೊಂಡ ಮೇಲೆ ಗಾಳಿ ಕಡಿಮೆ ಮಾಡುತ್ತೇವೆ. ಬೆಳಿಗ್ಗೆ ಬೂದಿ ಕೆದಕಿದರೆ ಕೆಂಡ ಸಿಗುತ್ತದೆ. ಅದರ ಮೇಲೆ ನಾಲ್ಕು ಚಕ್ಕೆ ಇಟ್ಟು ಗಾಳಿ ಬಿಟ್ಟರೆ ಸಾಕು, ಬೆಂಕಿಪೊಟ್ಟಣ ಬೇಕಿಲ್ಲ.

ಆದರೆ ಎಷ್ಟೇ ಒಳ್ಳೆಯ ಒಲೆ ತಂದರೂ ಹಸಿ ಸೌದೆ ಹಾಕಿದರೆ ಎಲ್ಲಾ ದಂಡ. ಮಲೆನಾಡಿನ ಬಚ್ಚಲೊಲೆ ಉರಿಸಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಇಲ್ಲಿ ಸೌದೆ ಮಾರುವುದು ಕಾರ್ಡ್ ಲೆಕ್ಕದಲ್ಲಿ. 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದದ ರಾಶಿ ಒಂದು ಕಾರ್ಡ್. ಒಬ್ಬರು ‘ಪೂರ್ತಿ ಒಣಗಿದ್ದು’ ಎಂದು ಕೊಟ್ಟ ಲೋಡನ್ನು ನಾನು ಸೀಳಿ, ಒಳಮೈಗೆ ತೇವಾಂಶದ ಮೀಟರ್ ಚುಚ್ಚಿ ನೋಡಿದೆ. 30 ಪರ್ಸೆಂಟ್ ದಾಟಿತ್ತು! ಬೇಕಾದ್ದು 20ಕ್ಕಿಂತ ಕಡಿಮೆ. ಅಂಥ ಸೌದೆಯ ಶಾಖದಲ್ಲಿ ಒಂದಷ್ಟು ನೀರು ಆವಿಯಾಗುವುದಕ್ಕೇ ಹೋಗುತ್ತದೆ. ಒಲೆಯ ಬಾಗಿಲಿನ ಗಾಜು ಮಸಿ ಹಿಡಿಯುತ್ತದೆ, ತಣ್ಣಗಿನ ಹೊಗೆ ಚಿಮಣಿಯ ಒಳಗೆ ಡಾಂಬರಿನಂಥ ಕ್ರಿಯೋಸೋಟ್ ಆಗಿ ಅಂಟಿಕೊಳ್ಳುತ್ತದೆ. ಚಿಮಣಿಗೆ ಬೆಂಕಿ ಬೀಳುವುದು ಅದರಿಂದಲೇ. ಮೇಪಲ್, ಆ್ಯಶ್ ಸೌದೆ ಸೀಳಿಟ್ಟರೆ ಒಂದು ವರ್ಷದಲ್ಲಿ ಒಣಗುತ್ತದೆ, ಓಕ್‌ಗೆ ಎರಡು ವರ್ಷ ಬೇಕು. ಆದ್ದರಿಂದ ಒಲೆ ಕೊಳ್ಳುವ ಮುಂಚೆ ಸೌದೆ ಕೊಳ್ಳಿ. ಶೆಡ್‌ಗೆ ಜಾಗ ಇಲ್ಲದಿದ್ದರೆ ಈ ಯೋಚನೆಯನ್ನೇ ಬಿಡಿ.

ಇನ್ನು ಥರ್ಮೋಸ್ಟಾಟ್, ಅಂದರೆ ಕೋಣೆಯ ಬಿಸಿ ನೋಡಿ ಬಾಯ್ಲರನ್ನು ಹೊತ್ತಿಸುವ, ನಿಲ್ಲಿಸುವ ಸಾಧನ. ಒಲೆ ಮತ್ತು ಬಾಯ್ಲರ್ ಜಗಳವಾಡುವುದು ಇಲ್ಲೇ. ನಮ್ಮ ಮನೆಯ ಥರ್ಮೋಸ್ಟಾಟ್ ಇದ್ದದ್ದು ಹಾಲ್‌ನಲ್ಲಿ. ಒಲೆ ಉರಿದರೆ ಅದಕ್ಕೆ ಇಡೀ ಮನೆ ಬೆಚ್ಚಗಿದೆ ಎಂದೇ ಲೆಕ್ಕ. ಬಾಯ್ಲರ್ ಸುಮ್ಮನಾಗುತ್ತದೆ, ಹಿಂದಿನ ಕೋಣೆಗಳು ತಣ್ಣಗಾಗುತ್ತವೆ. ಹೊರಗೆ ಮೈನಸ್ 20 ಡಿಗ್ರಿ ಇರುವಾಗ ಹೊರಗೋಡೆಯ ಪೈಪಿನಲ್ಲಿ ನೀರು ನಿಂತರೆ ಹೆಪ್ಪುಗಟ್ಟಿ ಪೈಪು ಒಡೆಯಬಹುದು. ಥರ್ಮೋಸ್ಟಾಟನ್ನು ಮಲಗುವ ಕೋಣೆಯ ಕಡೆಗೆ ಬದಲಾಯಿಸಿದ ಮೇಲೆ ಆ ಭಯ ಹೋಯಿತು. ಜೊತೆಗೆ ಒಂದು ಸಣ್ಣ ಫ್ಯಾನು. ಅದನ್ನು ಒಲೆಯ ಪಕ್ಕ ಇಡಬೇಡಿ. ತಣ್ಣಗಿರುವ ಪಡಸಾಲೆಯ ನೆಲದ ಮೇಲೆ ಒಲೆಯ ಕಡೆ ಮುಖ ಮಾಡಿ ಇಡಿ. ತಣ್ಣನೆ ಗಾಳಿ ಕೆಳಗಿಂದ ಒಲೆಯತ್ತ ಹೋದರೆ ಬಿಸಿಗಾಳಿ ಮೇಲಿಂದ ತಾನೇ ಹಿಂದಕ್ಕೆ ಬರುತ್ತದೆ.

ಉಳಿತಾಯ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಒಣಗಿದ ಒಂದು ಕಾರ್ಡ್ ಗಟ್ಟಿ ಮರ ಒಳ್ಳೆಯ ಒಲೆಯಲ್ಲಿ ಹೆಚ್ಚುಕಡಿಮೆ 140 ಗ್ಯಾಲನ್ ಎಣ್ಣೆಯಷ್ಟು ಶಾಖ ಕೊಡುತ್ತದೆ. ನಿಮ್ಮೂರಿನ ದರ ಹಾಕಿ ನೋಡಿ. ಎಣ್ಣೆ ಅಗ್ಗವಾದ ವರ್ಷ ಲಾಭ ಕಡಿಮೆ.

ನನಗೆ ಒಲೆಯ ನಿಜವಾದ ಬೆಲೆ ಗೊತ್ತಾದದ್ದು ಕರೆಂಟ್ ಹೋದಾಗ. 2023ರ ಡಿಸೆಂಬರ್ 18ರ ಬಿರುಗಾಳಿಗೆ ಮೇನ್‌ನಲ್ಲಿ 4 ಲಕ್ಷಕ್ಕೂ ಹೆಚ್ಚು ಸಂಪರ್ಕಗಳಿಗೆ ಕರೆಂಟ್ ಇರಲಿಲ್ಲ. ಟ್ಯಾಂಕ್ ತುಂಬಾ ಎಣ್ಣೆ ಇದ್ದರೂ ಬಾಯ್ಲರ್‌ನ ಬರ್ನರ್, ಪಂಪ್ ಓಡಲು ಕರೆಂಟ್ ಬೇಕೇ ಬೇಕು. ಒಲೆಗೆ ಏನೂ ಬೇಡ. ಅದರ ತಲೆಯ ಮೇಲೇ ಸಾರು ಕುದಿಸಿಕೊಂಡು ಆರಾಮಾಗಿದ್ದೆವು.

ಕೂರಿಸುವಾಗ ಖರ್ಚು ಉಳಿಸಲು ಹೋಗಬೇಡಿ. ಬಾಯ್ಲರ್ ಹೊಗೆಯ ಕೊಳವೆಗೇ ಒಲೆಯನ್ನೂ ಸೇರಿಸುವುದು ಬೇಡ, ಅದಕ್ಕೆ ಅದರದ್ದೇ ಕೊಳವೆ ಇರಲಿ. ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಪತ್ತೆಹಚ್ಚುವ ಅಲಾರಂ ಹಾಕಿಸಿ, ವರ್ಷಕ್ಕೊಮ್ಮೆ ಚಿಮಣಿ ಪರೀಕ್ಷೆ ಮಾಡಿಸಿ, ಮನೆಯ ವಿಮಾ ಕಂಪನಿಗೆ ಮುಂಚೆಯೇ ತಿಳಿಸಿ. ಬೂದಿಯನ್ನು ಮುಚ್ಚಳವಿರುವ ಕಬ್ಬಿಣದ ಬಕೆಟ್‌ನಲ್ಲಿ ತುಂಬಿ ಮನೆಯಿಂದ ದೂರ ಇಡಿ. ಮರದ ಜಗುಲಿ ಮೇಲೆ ಮಾತ್ರ ಇಡಬೇಡಿ, ಒಳಗಿನ ಕೆಂಡ ದಿನಗಟ್ಟಲೆ ಆರುವುದಿಲ್ಲ. ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ಮೊದಲು ಡಾಕ್ಟರನ್ನು ಕೇಳಿ. ಸೌದೆ ಎಷ್ಟು ಒಣಗಿದ್ದರೂ ಒಲೆಯ ಬಾಗಿಲು ತೆಗೆದಾಗ ಸ್ವಲ್ಪ ಹೊಗೆ ಒಳಗೆ ಬಂದೇ ಬರುತ್ತದೆ.