ಕೋಳಿ ಮೊಟ್ಟೆಯ ಪೆಟ್ಟಿಗೆಯಲ್ಲಿ ಹಾವಿನ ಮರಿ: ಎರಡು ಬೇಸಿಗೆ ಬಳಸಿದ ಮೇಲೆ ನನ್ನ ಅಭಿಪ್ರಾಯ

ಮೊದಲೇ ಹೇಳಿಬಿಡುತ್ತೇನೆ, ಈ ಪೆಟ್ಟಿಗೆ ಹಾವಿಗೆಂದು ಮಾಡಿದ್ದಲ್ಲ. ಕೋಳಿ ಮೊಟ್ಟೆಗೆ ಕಾವು ಕೊಡುವ ಥರ್ಮೋಕೋಲ್ ಡಬ್ಬ. ಇಲ್ಲಿ ಪೆನ್ಸಿಲ್ವೇನಿಯಾದಲ್ಲಿ ಚಳಿ ಮುಗಿಯುವ ಹೊತ್ತಿಗೆ ರೈತರ ಸಾಮಾನಿನ ಅಂಗಡಿಗಳಲ್ಲಿ ಕೋಳಿಮರಿಗಳ ಪಕ್ಕದಲ್ಲೇ ರಾಶಿ ಹಾಕಿರುತ್ತಾರೆ. ನಾನು ಕೊಟ್ಟಿದ್ದು 60 ಡಾಲರ್. ಬ್ರ್ಯಾಂಡ್ ಹೆಸರು ಬೇಕಂತಲೇ ಬರೆಯುತ್ತಿಲ್ಲ. ನಾನು ಹೇಳುವ ಒಳ್ಳೆಯದು, ಕೆಟ್ಟದ್ದು ಎರಡೂ ಈ ಜಾತಿಯ ಎಲ್ಲ ಡಬ್ಬಗಳಿಗೂ ಹೊಂದುತ್ತದೆ. ಒಳಗೆ ಬಿಸಿಯಾಗುವ ಒಂದು ತಂತಿ, ಮೇಲೆ ತಿರುಗಿಸುವ ಗುಂಡಿ, ಮುಚ್ಚಳಕ್ಕೆ ಎರಡು ಪ್ಲಾಸ್ಟಿಕ್ ಕಿಟಕಿ. ಅಷ್ಟೇ.

ಹಾವು ಯಾಕೆ ಅಂತ ಕೇಳಬಹುದು. ಮಗನಿಗೆ ನಾಯಿ ಬೇಕಿತ್ತು, ಗಂಡನಿಗೆ ನಾಯಿ ಕೂದಲು ಆಗುವುದಿಲ್ಲ. ನಾನು ತೀರ್ಥಹಳ್ಳಿ ಕಡೆಯವಳು, ಕೇರೆ ಹಾವು ಅಂಗಳ ದಾಟಿದರೆ ಕಾಲು ಮೇಲೆತ್ತಿಕೊಂಡು ಕಾಫಿ ಮುಂದುವರಿಸುವ ಮನೆಯಲ್ಲಿ ಬೆಳೆದವಳು. ಇಲ್ಲೇ ಪೆನ್ಸಿಲ್ವೇನಿಯಾದ ಹ್ಯಾಂಬರ್ಗ್ ಊರಿನ ಸರೀಸೃಪ ಮೇಳಕ್ಕೆ ಸುಮ್ನೆ ನೋಡೋಣ ಅಂತ ಹೋಗಿ ಒಂದು ಕಾರ್ನ್ ಸ್ನೇಕ್ ಹಿಡಿದುಕೊಂಡು ಬಂದೆವು. ವಿಷ ಇಲ್ಲ, ನಮ್ಮ ಕೇರೆ ಹಾವಿನ ದೂರದ ನೆಂಟ, ದೊಡ್ಡದಾದರೆ ನಾಲ್ಕೈದು ಅಡಿ. ಮರುವರ್ಷ ಇನ್ನೊಂದು ಬಂತು. ಹೆಣ್ಣು ಕೇಸರಿ ಬಣ್ಣ, ಹೆಸರು ದಾಸವಾಳ. ಗಂಡು ಬೂದು ಬಣ್ಣ, ಹೆಸರೂ ಬೂದಿ.

ಕಾನೂನಿನ ಮಾತು ಇಲ್ಲೇ ಮುಗಿಸುತ್ತೇನೆ. ಪಕ್ಕದ ನ್ಯೂಜೆರ್ಸಿಯಲ್ಲಿ ಇದನ್ನು ಸಾಕಲು ಪರವಾನಗಿ ಬೇಕು. ಜಾರ್ಜಿಯಾದಲ್ಲಿ ಇದು ಅಲ್ಲಿನ ಕಾಡಿನದೇ ಹಾವು, ಹಾಗಾಗಿ ಮನೆಯಲ್ಲಿ ಇಟ್ಟುಕೊಳ್ಳುವ ಹಾಗೇ ಇಲ್ಲ. ಇದನ್ನು ಊರಿನಲ್ಲಿ ಕೂತು ಓದುತ್ತಿದ್ದರೆ ನಮ್ಮ ಕಾಡಿನ ಹಾವನ್ನೋ ಮೊಟ್ಟೆಯನ್ನೋ ಮನೆಗೆ ತರುವ ಯೋಚನೆ ಬೇಡ. 1972ರ ವನ್ಯಜೀವಿ ಕಾಯ್ದೆ ಸುಮ್ಮನೆ ಬಿಡುವುದಿಲ್ಲ.

ಈಗ ಡಬ್ಬದ ವಿಷಯ. ಕೋಳಿ ಮೊಟ್ಟೆಗೆ ಬೇಕಾದ ಬಿಸಿ 37.5 ಡಿಗ್ರಿ ಸೆಲ್ಸಿಯಸ್ ಹತ್ತಿರ. ಕಾರ್ನ್ ಸ್ನೇಕ್ ಮೊಟ್ಟೆಗೆ 28 ಸಾಕು. ಹಾಗಾಗಿ ಡಬ್ಬದ ಗುಂಡಿಯನ್ನು ಪೂರ್ತಿ ಕೆಳಕ್ಕೆ ತಿರುಗಿಸಿದರೂ ಅದು ನಮ್ಮ ಮಾತು ಕೇಳುವುದಿಲ್ಲ. ಕೂದಲೆಳೆಯಷ್ಟು ತಿರುಗಿಸಿದರೆ ಎರಡು ಡಿಗ್ರಿ ಜಿಗಿಯುತ್ತದೆ. ಜೊತೆಗೆ ಬಂದ ಪುಸ್ತಕದಲ್ಲಿ ದಿನಕ್ಕೆ ಮೂರು ಸಲ ಮೊಟ್ಟೆ ತಿರುಗಿಸಿ ಅಂತ ಇತ್ತು. ಹಾವಿನ ಮೊಟ್ಟೆಗೆ ಹಾಗೆ ಮಾಡಿದರೆ ಮುಗಿಯಿತು. ಭ್ರೂಣ ಮೇಲ್ಭಾಗಕ್ಕೆ ಅಂಟಿಕೊಂಡಿರುತ್ತದೆ, ತಲೆಕೆಳಗಾದರೆ ಸಾಯಬಹುದು. ಅದಕ್ಕೇ ಇಟ್ಟ ದಿನವೇ ಪ್ರತಿ ಮೊಟ್ಟೆಯ ನೆತ್ತಿಗೆ ಪೆನ್ಸಿಲ್‌ನಲ್ಲಿ ಒಂದು ಚುಕ್ಕೆ ಹಾಕಿದೆ. ಒಂದಕ್ಕೊಂದು ಅಂಟಿಕೊಂಡವನ್ನು ಬಿಡಿಸಲಿಲ್ಲ, ಗೊಂಚಲಾಗಿಯೇ ಇಟ್ಟೆ.

2024ರ ಜೂನ್ 6ಕ್ಕೆ ದಾಸವಾಳ 17 ಮೊಟ್ಟೆ ಇಟ್ಟಿತು. ಅದಕ್ಕೂ ಮುಂಚಿನ ಚಳಿಗಾಲದಲ್ಲಿ ಎರಡನ್ನೂ ನೆಲಮಾಳಿಗೆಯ ತಣ್ಣನೆ ಮೂಲೆಯಲ್ಲಿ ಎರಡೂವರೆ ತಿಂಗಳು ಮಲಗಿಸಿದ್ದೆ, ಊಟ ಇಲ್ಲದೆ, 12 ಡಿಗ್ರಿಯಲ್ಲಿ. ಏಪ್ರಿಲ್‌ನಲ್ಲಿ ಎರಡನ್ನೂ ಒಟ್ಟಿಗೆ ಬಿಟ್ಟೆ. ಮೊಟ್ಟೆಗೆ ಮುಂಚೆ ಒಂದು ಸಲ ಪೊರೆ ಬಿಟ್ಟಿತು, ಅದಾಗಿ ಹತ್ತನೇ ದಿನಕ್ಕೆ ಒದ್ದೆ ಪಾಚಿ ತುಂಬಿದ ಡಬ್ಬಿಯೊಳಗೆ ಹೋಗಿ ಕೂತಿತು. ಮೂರು ಮೊಟ್ಟೆ ಹಳದಿಯಾಗಿ, ಬೆಲ್ಲದ ಅಚ್ಚಿನ ಹಾಗೆ ಗಟ್ಟಿಯಾಗಿದ್ದವು, ಜೊಳ್ಳು. ಉಳಿದ 14ಕ್ಕೆ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದರೆ ಒಳಗೆ ಕೆಂಪು ನರಗಳು ಕಂಡವು.

ಮೊಟ್ಟೆಗಳನ್ನು ನೇರ ಡಬ್ಬದಲ್ಲಿ ಇಡಬಾರದು. ಮುಚ್ಚಳ ಇರುವ ಪ್ಲಾಸ್ಟಿಕ್ ಬಾಕ್ಸ್‌ನಲ್ಲಿ ವರ್ಮಿಕ್ಯುಲೈಟ್ (ನೀರು ಹಿಡಿದಿಟ್ಟುಕೊಳ್ಳುವ ಹಗುರ ಖನಿಜದ ಹರಳು) ಹಾಕಿ, ಅದರ ತೂಕದಷ್ಟೇ ನೀರು ಬೆರೆಸಿ, ಮೊಟ್ಟೆ ಅರ್ಧ ಹೂತು, ಆ ಬಾಕ್ಸನ್ನು ಡಬ್ಬದೊಳಗೆ ಇಟ್ಟೆ. ತೂಕ ನೋಡಲು ಬೇಜಾರಾದರೆ ಒಂದು ಮುಷ್ಟಿ ಹಿಂಡಿ ನೋಡಿ, ಒಂದೆರಡು ಹನಿಗಿಂತ ಜಾಸ್ತಿ ಬಂದರೆ ನೀರು ಹೆಚ್ಚಾಗಿದೆ. ಡಬ್ಬದ ತಳದಲ್ಲಿ ಕೋಳಿಗಾಗಿ ನೀರು ತುಂಬುವ ಕಾಲುವೆಗಳಿವೆ. ನಾನು ಒಂದು ಸಲವೂ ಮುಟ್ಟಲಿಲ್ಲ.

ಆ ಬೇಸಿಗೆ ಅಮ್ಮ ಬಂದಿದ್ದಳು. ಇಷ್ಟೆಲ್ಲ ನೋಡಿ ಅವಳು ಕೇಳಿದ್ದು ಒಂದೇ: "ನಮ್ಮನೆ ಗೊಬ್ಬರದ ಗುಂಡಿಗೆ ಯಾವ ಕರೆಂಟು ಕೊಟ್ಟಿದ್ವಿ ನಾವು?" ಸರಿಯಾದ ಪ್ರಶ್ನೆಯೇ. ಗೊಬ್ಬರ ಎತ್ತುವಾಗ ಹಾವಿನ ಮೊಟ್ಟೆ ಸಿಗುವುದು ನಮಗೆ ಹೊಸದಲ್ಲ. ಕೊಳೆಯುವ ಸೊಪ್ಪು ತಾನೇ ಬೆಚ್ಚಗಿರುತ್ತದೆ. ಆಗುಂಬೆ ಕಾಡಿನ ಕಾಳಿಂಗ ಸರ್ಪ ತರಗೆಲೆ ಗುಡ್ಡೆ ಹಾಕಿ ಗೂಡು ಕಟ್ಟಿ ಕಾಯುತ್ತದೆ. ಕಾರ್ನ್ ಸ್ನೇಕ್‌ಗೆ ಆ ಮಮತೆಯೂ ಇಲ್ಲ. ಇಟ್ಟು ಹೊರಟುಬಿಡುತ್ತದೆ. ದಾಸವಾಳ ಮಾರನೇ ದಿನ ಇಲಿ ತಿಂದು ಮಲಗಿತ್ತು.

ಬಿಸಿ ಹಿಡಿತಕ್ಕೆ ಬರಲಿ ಅಂತ ಡಬ್ಬಕ್ಕೆ ಬೇರೆ ಥರ್ಮೋಸ್ಟಾಟ್ ಒಂದನ್ನು ಜೋಡಿಸಿದ್ದೆ. 35 ಡಾಲರಿನ ಅಗ್ಗದ್ದು, ಅದರ ಹೆಸರೂ ಬೇಡ. ಅದರ ತಂತಿಯ ತುದಿಯಲ್ಲಿ ಒಂದು ಮೂತಿ ಇರುತ್ತದೆ, ಅದು ಎಲ್ಲಿ ಇದೆಯೋ ಅಲ್ಲಿನ ಬಿಸಿ ನೋಡಿ ಕರೆಂಟ್ ಹಾಕಿ ತೆಗೆದು ಮಾಡುತ್ತದೆ. ಜುಲೈ ಮೂರನೇ ವಾರ ನಾನು ಲ್ಯಾಬ್‌ನಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಮೂತಿಗೆ ಅಂಟಿಸಿದ್ದ ಟೇಪು ಒಳಗಿನ ತೇವಕ್ಕೆ ಬಿಟ್ಟುಕೊಂಡಿತು. ತಂತಿಯ ಭಾರಕ್ಕೆ ಮೂತಿ ತೂತಿನಿಂದ ಜಾರಿ ಹೊರಗೆ ಬಿತ್ತು. ಹೊರಗೆ ನೆಲಮಾಳಿಗೆ, ಏಸಿ, 21 ಡಿಗ್ರಿ. ಥರ್ಮೋಸ್ಟಾಟ್ ಪಾಪ, ಇನ್ನೂ ತಣ್ಣಗಿದೆ, ಇನ್ನೂ ತಣ್ಣಗಿದೆ ಅಂತ ಕರೆಂಟ್ ಬಿಡುತ್ತಲೇ ಹೋಯಿತು. ಡಬ್ಬ ಕೋಳಿಯದು, ಅದರ ತಂತಿಗೆ ಮೇಲೆ ಹೋಗುವ ಶಕ್ತಿ ಇದ್ದೇ ಇದೆ. ಬೆಳಿಗ್ಗೆ ಏಳಕ್ಕೆ ಬಂದು ನೋಡಿದರೆ ಕಿಟಕಿಗೆ ಹಬೆ ಕಟ್ಟಿತ್ತು. ಒಳಗಿನ ಬೇರೆ ಥರ್ಮಾಮೀಟರ್ ರಾತ್ರಿಯ ಗರಿಷ್ಠ 36 ತೋರಿಸುತ್ತಿತ್ತು.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮುಚ್ಚಳ ತೆಗೆದರೆ ಹಸಿ ಮಣ್ಣು ಕಾದ ವಾಸನೆ. ಒಮ್ಮೆಲೇ ತಣ್ಣಗೆ ಮಾಡಬಾರದು ಅಂತ ಮುಚ್ಚಳ ಒಂದು ಬೆರಳಿನಷ್ಟು ಸರಿಸಿ, ಪೆನ್ಸಿಲ್ ಸಿಕ್ಕಿಸಿ, ಒಂದು ಗಂಟೆ ಕಾದೆ. ಆಮೇಲೆ ಟಾರ್ಚ್ ಹಿಡಿದು ನೋಡಿದರೆ ಎಲ್ಲದರಲ್ಲೂ ನರ ಕಾಣುತ್ತಿತ್ತು. ಆದರೆ ಹತ್ತು ದಿನದಲ್ಲಿ ಎರಡು ಮೊಟ್ಟೆ ಕಪ್ಪಾಗಿ ಕುಗ್ಗಿದವು. ಕೊನೆಗೆ ಹೊರಬಂದ ಒಂದು ಮರಿಯ ಬೆನ್ನು ಎರಡು ಕಡೆ ಮುರಿದ ಹಾಗೆ ಬಾಗಿತ್ತು, ಒಂದು ದಿನ ಬದುಕಿತು. ಜಾಸ್ತಿ ಬಿಸಿಗೆ ಹೀಗಾಗುತ್ತದೆ ಎಂದು ಓದಿದ್ದೆ, ನೋಡಿರಲಿಲ್ಲ.

ತಪ್ಪು ಯಾರದು? ಅರ್ಧ ನನ್ನದು. ಮೂತಿಯನ್ನು ಟೇಪಿನಲ್ಲಿ ಅಲ್ಲ, ಮೊಟ್ಟೆ ಬಾಕ್ಸ್‌ಗೇ ಕೇಬಲ್ ಟೈ ಹಾಕಿ ಬಿಗಿಯಬೇಕಿತ್ತು. ಅರ್ಧ ಆ ಥರ್ಮೋಸ್ಟಾಟಿನದು. ಮೂತಿ ಹೊರಗೆ ಬಿದ್ದರೂ, ಗಂಟೆಗಟ್ಟಲೆ ಮೂತಿಯ ಬಿಸಿ ಏರದಿದ್ದರೂ ಒಂದು ಕೂಗೂ ಇಲ್ಲ. ಮಾರಿದವರಿಗೆ ಬರೆದೆ. ಬಂದ ಉತ್ತರ: ಇದು ಬಿಯರ್ ಹುದುಗಿಸುವವರಿಗೆ ಮಾಡಿದ ಸಾಧನ. ಕೋಳಿ ಡಬ್ಬಕ್ಕೆ ಬಿಯರ್ ಥರ್ಮೋಸ್ಟಾಟ್ ಹಾಕಿ ಹಾವು ಮಾಡಲು ಹೊರಟವಳು ಏನು ಜಗಳ ಆಡಲಿ?

ಆಗಸ್ಟ್ 7ಕ್ಕೆ, 62ನೇ ದಿನ, ಮೊದಲ ಸೀಳು. ಅದಕ್ಕೂ ಒಂದು ವಾರ ಮುಂಚೆ ಮೊಟ್ಟೆಗಳು ಗಾಳಿ ಬಿಟ್ಟ ಚೆಂಡಿನ ಹಾಗೆ ತಗ್ಗಿದ್ದವು, ಅದಕ್ಕೆ ಹೆದರಬೇಡಿ. ಮರಿಯ ಮೂತಿ ತುದಿಯಲ್ಲಿ ಒಂದು ಪುಟ್ಟ ಹಲ್ಲು ಇರುತ್ತದೆ. ಅದರಲ್ಲಿ ಚಿಪ್ಪನ್ನು ಬ್ಲೇಡಿನಲ್ಲಿ ಕುಯ್ದ ಹಾಗೆ ಉದ್ದುದ್ದ ಗೀರುತ್ತದೆ. ಒಂದೇ ಮೊಟ್ಟೆಯಲ್ಲಿ ಐದಾರು ಗೀರು. ಆಮೇಲೆ ಒಂದು ಗೀರಿನಿಂದ ಅಂಟಂಟು ಲೋಳೆಯೊಳಗೆ ಹೆಸರುಕಾಳಿನಷ್ಟು ದಪ್ಪದ ಮೂತಿ ಹೊರಗೆ ಬಂತು. ಒಂದು ಗುಳ್ಳೆ ಊದಿ ಒಡೆಯಿತು. ಮೊದಲ ಉಸಿರು. ನಾನು ಹತ್ತಿರ ಬಗ್ಗಿದ ಕೂಡಲೇ ಸರ್ರನೆ ಒಳಗೆ. ಹೀಗೆ ಒಂದೂವರೆ ದಿನ ಇಣುಕಿ, ಒಳಗೆ ಹೋಗಿ, ಇಣುಕಿ ಕಳೆಯಿತು. ಎಳೆಯಬಾರದು, ಒಳಗೆ ಇನ್ನೂ ಹಳದಿ ಹೀರಿಕೊಳ್ಳುತ್ತಿರುತ್ತದೆ. ಮುಚ್ಚಳದ ಕಿಟಕಿಗೆ ನಾನು ಪೂರ್ತಿ ಅಂಕ ಕೊಡುವುದು ಈ ಎರಡು ದಿನಕ್ಕಾಗಿ. ಡಬ್ಬ ತೆಗೆಯದೆ ನೋಡಬಹುದು. ಮಗ ಊಟದ ತಟ್ಟೆ ಹಿಡಿದುಕೊಂಡು ನೆಲಮಾಳಿಗೆಯಲ್ಲೇ ಕೂತಿದ್ದ.

9ನೇ ತಾರೀಕು ನಾಗರ ಪಂಚಮಿ. ಅಮ್ಮ ಆ ದಿನ ಹೆಚ್ಚುವುದಿಲ್ಲ, ಕರಿಯುವುದಿಲ್ಲ, ಒಲೆಗೆ ಕಾವಲಿ ಇಡುವುದಿಲ್ಲ. "ಇವಕ್ಕೆ ಇವತ್ತು ಇಲಿ ಗಿಲಿ ಕೊಡ್ಬೇಡ" ಅಂದಳು. ಕೊಡಬೇಕಾಗಿಯೂ ಇರಲಿಲ್ಲ. ಮೊದಲ ಪೊರೆ ಬಿಡುವವರೆಗೆ, ಅಂದರೆ ವಾರ ಹತ್ತು ದಿನ, ಅವು ತಿನ್ನುವುದಿಲ್ಲ.

ಉಳಿದಿದ್ದು 11 ಮರಿ. ಒಂದೊಂದೂ ಪೆನ್ಸಿಲಿಗಿಂತ ತೆಳ್ಳಗೆ, ಸುಮಾರು 25 ಸೆಂಟಿಮೀಟರ್, ಆರೇಳು ಗ್ರಾಂ. ಎಲ್ಲವೂ ಕಾಡಿನ ಹಾವಿನ ಸಾಮಾನ್ಯ ಬಣ್ಣ. ಕೇಸರಿಯೂ ಇಲ್ಲ, ಬೂದಿಯೂ ಇಲ್ಲ. ಮಗನ ಮುಖ ಇಳಿದುಹೋಯಿತು. ಅಪ್ಪ ಅಮ್ಮ ಇಬ್ಬರ ಬಣ್ಣವೂ ಅಡಗಿ ಬರುವ ಗುಣ, ಮರಿಗಳಲ್ಲಿ ಎರಡೂ ಒಳಗೆ ಕೂತಿವೆ. ಇವೇ ಮರಿಗಳು ದೊಡ್ಡವಾಗಿ ತಮ್ಮೊಳಗೆ ಜೊತೆಯಾದರೆ 16ರಲ್ಲಿ ಒಂದು ಬಿಳಿ, ಅಂದರೆ ಸ್ನೋ, ಆಗುವ ಲೆಕ್ಕ. ಈ ಕೇಸರಿ ಬಣ್ಣದ ಕತೆ ಶುರುವಾಗಿದ್ದು 1953ರಲ್ಲಿ ಉತ್ತರ ಕ್ಯಾರೊಲಿನಾದಲ್ಲಿ ಸಿಕ್ಕ ಕಪ್ಪಿಲ್ಲದ ಒಂದು ಹಾವಿನಿಂದ. ಬರ್ನಾರ್ಡ್ ಬೆಕ್ಟೆಲ್ ಎಂಬ ವೈದ್ಯರು ಅದರಿಂದ ಮರಿ ಮಾಡಿಸಿದರು. ಮಗನಿಗೆ ಇದನ್ನೆಲ್ಲ ಹೇಳಿ ಸಮಾಧಾನ ಮಾಡಿದೆ. ಅಪ್ಪ ಅಮ್ಮನ ಗುಣ ಮರಿಗೆ ಹೇಗೆ ಬರುತ್ತದೆ ಅಂತ ಚೌಕ ಹಾಕಿ ನೋಡುವ ಲೆಕ್ಕ ಹೋಮ್‌ವರ್ಕ್‌ನಲ್ಲಿ ಬಾರದ್ದು ಅವತ್ತು ಬಂತು.

ಡಬ್ಬದ ಕೆಲಸ ಎರಡು ತಿಂಗಳು. ನಿಜವಾದ ಕಷ್ಟ ಅದು ಮುಗಿದ ಮೇಲೆ. ಒಂದೊಂದು ಮರಿಗೆ ಒಂದೊಂದು ಶೂ ಬಾಕ್ಸ್ ಅಳತೆಯ ಪ್ಲಾಸ್ಟಿಕ್ ಡಬ್ಬಿ ಬೇಕು, ಒಟ್ಟಿಗೆ ಇಟ್ಟರೆ ಒಂದನ್ನೊಂದು ನುಂಗಿದರೂ ನುಂಗಿದವೇ. ಹಾಸಲು ಪೇಪರ್ ಟವೆಲ್, ಅಡಗಲು ಟಾಯ್ಲೆಟ್ ಪೇಪರಿನ ಖಾಲಿ ಕೊಳವೆ, ನೀರಿಗೆ ಮುಚ್ಚಳ. ತಿನ್ನಲು ಆಗಷ್ಟೇ ಹುಟ್ಟಿ ಹೆಪ್ಪುಗಟ್ಟಿಸಿದ ಇಲಿಮರಿ, ವಾರಕ್ಕೆ ಒಂದು. ನಮ್ಮದು ಸಸ್ಯಾಹಾರಿ ಮನೆ. ಹೋಳಿಗೆ, ಮಿಡಿ ಉಪ್ಪಿನಕಾಯಿ ಪಕ್ಕ ಇಲಿಮರಿ ಪೊಟ್ಟಣ ಕಂಡ ದಿನ ಅಮ್ಮ ಫ್ರಿಜ್ ಮುಟ್ಟುವುದನ್ನೇ ಬಿಟ್ಟಳು. 80 ಡಾಲರ್ ಕೊಟ್ಟು ಬೇರೆ ಪುಟ್ಟ ಫ್ರೀಜರ್ ತಂದೆ. ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಿ.

ಎಂಟು ಮರಿ ಮೊದಲ ಸಲವೇ ತಿಂದವು. ಇನ್ನೆರಡು ತಿಂದಿದ್ದು ಮೂರನೇ ವಾರಕ್ಕೆ. ಒಂಬತ್ತನೇ ಡಬ್ಬಿಯದು ಮಾತ್ರ ಇಲಿಮರಿ ಕಂಡರೆ ಬಾಲ ಅದುರಿಸಿ, ಬುಸ್ ಎಂದು ನನ್ನ ಬೆರಳಿಗೆ ಬರುತ್ತಿತ್ತು. ಬಿಸಿ ನೀರಲ್ಲಿ ತೊಳೆದು ಕೊಟ್ಟೆ, ಬೇಡ. ಸಣ್ಣ ಮೊಸರು ಡಬ್ಬಿಯಲ್ಲಿ ಇಲಿಮರಿ ಜೊತೆ ರಾತ್ರಿಯಿಡೀ ಕತ್ತಲಲ್ಲಿ ಇಟ್ಟೆ, ಬೇಡ. ಕಾಡಿನಲ್ಲಿ ಈ ಮರಿಗಳು ಮೊದಲು ತಿನ್ನುವುದು ಪುಟ್ಟ ಹಲ್ಲಿ, ಮರಗಪ್ಪೆ. ಹ್ಯಾಂಬರ್ಗ್ ಮೇಳದಲ್ಲಿ ಒಬ್ಬ ಅಜ್ಜ ಹೆಪ್ಪುಗಟ್ಟಿದ ಅನೋಲ್ ಹಲ್ಲಿ ಒಂದನ್ನು ಕೊಟ್ಟು, "ಇದನ್ನು ಇಲಿಮರಿ ಮೂತಿಗೆ ಉಜ್ಜಮ್ಮ" ಅನ್ನುವ ಅರ್ಥದಲ್ಲಿ ಏನೋ ಹೇಳಿದರು. 41ನೇ ದಿನ ಹಾಗೆ ಉಜ್ಜಿ ಚಿಮಟದಲ್ಲಿ ಹಿಡಿದೆ. ನಾಲಗೆ ಎರಡು ಸಲ ಆಡಿತು. ನಿಂತಿತು. ಇನ್ನೊಂದು ಸಲ ಆಡಿತು. ಆಮೇಲೆ ಕಚ್ಚಿ, ಸುತ್ತಿ, ಇಪ್ಪತ್ತು ನಿಮಿಷ ತೆಗೆದುಕೊಂಡು ನುಂಗಿತು. ನಾನು ಅಲುಗಾಡದೆ ನಿಂತು ಕಾಲು ಜೋಮು ಹಿಡಿಯಿತು. ಆಗ ಅದರ ತೂಕ 5.1 ಗ್ರಾಂ.

ಮಾರಿ ದುಡ್ಡು ಮಾಡಬಹುದಾ ಅಂತ ಕನ್ನಡದವರೇ ಇಬ್ಬರು ಕೇಳಿದ್ದಾರೆ. ಸಾಮಾನ್ಯ ಬಣ್ಣದ ಮರಿಗೆ ನನಗೆ ಸಿಕ್ಕಿದ್ದು 30 ಡಾಲರ್, ಅದೂ ಐದು ಸಲ ತಿಂದ ಮೇಲೆ. ಏಳು ಮಾರಿದೆ, ಎರಡು ಮಗನ ಗೆಳೆಯರಿಗೆ ಹೋದವು, ಎರಡು ಇಲ್ಲೇ ಇವೆ. ಫ್ರೀಜರ್, ಡಬ್ಬಿ, ಇಲಿ ಎಲ್ಲ ಕೂಡಿಸಿದರೆ ನಷ್ಟವೇ.

2025ರಲ್ಲಿ ಅದೇ ಡಬ್ಬಕ್ಕೆ 150 ಡಾಲರಿನ ಬೇರೆ ಥರ್ಮೋಸ್ಟಾಟ್ ಹಾಕಿದೆ. ಇದು ಕರೆಂಟನ್ನು ಒಮ್ಮೆಗೇ ಹಾಕಿ ತೆಗೆಯುವುದಿಲ್ಲ, ಬೇಕಾದಷ್ಟೇ ಬಿಡುತ್ತದೆ. ಮಿತಿ ದಾಟಿದರೆ ಕೂಗುತ್ತದೆ, ಮೂತಿ ಕೆಟ್ಟರೆ ತಾನೇ ನಿಲ್ಲಿಸುತ್ತದೆ. 15 ಮೊಟ್ಟೆ, 13 ಮರಿ, ಒಂದೂ ಸೊಟ್ಟ ಇಲ್ಲ. ಎರಡು ತಿಂಗಳು ಅರ್ಧ ಡಿಗ್ರಿಗಿಂತ ಜಾಸ್ತಿ ಆಚೀಚೆ ಆಗಲಿಲ್ಲ. ಆ ಬೇಸಿಗೆಯ ಬಗ್ಗೆ ಬರೆಯುವಂಥದ್ದೇನೂ ಇಲ್ಲ.

ಡಬ್ಬಕ್ಕೆ ಐದಕ್ಕೆ ಮೂರೂವರೆ. ಬೆಚ್ಚಗಿಡುತ್ತದೆ, ಹಗುರ, ಕರೆಂಟ್ ಬಿಲ್ ಗೊತ್ತೇ ಆಗುವುದಿಲ್ಲ. ಒಂದು ಅಂಕ ಆ ಗುಂಡಿಗೆ ಹೋಯಿತು, ಅರ್ಧ ತೊಳೆಯುವ ಕಷ್ಟಕ್ಕೆ. ಥರ್ಮೋಕೋಲ್ ವಾಸನೆ ಹೀರಿಕೊಳ್ಳುತ್ತದೆ, ಬ್ಲೀಚ್ ನೀರಲ್ಲಿ ಎರಡು ಸಲ ತೊಳೆದು ಬಿಸಿಲಿಗಿಟ್ಟರೂ ಪೂರ್ತಿ ಹೋಗುವುದಿಲ್ಲ. ನನ್ನ ಕೇಳಿದರೆ ಡಬ್ಬ ಯಾವುದಾದರೂ ನಡೆಯುತ್ತದೆ, ಮೀನು ತುಂಬುವ ಹಳೇ ಥರ್ಮೋಕೋಲ್ ಬಾಕ್ಸೂ ನಡೆಯುತ್ತದೆ. ದುಡ್ಡೆಲ್ಲ ಥರ್ಮೋಸ್ಟಾಟಿಗೆ ಹಾಕಿ, ಇನ್ನೊಂದು ಬೇರೆ ಥರ್ಮಾಮೀಟರ್ ಒಳಗಿಡಿ.

ಈ ಏಪ್ರಿಲ್‌ನಲ್ಲಿ ಪಕ್ಕದ ಮನೆಯಾಕೆ ಕೋಳಿ ಮೊಟ್ಟೆಗೆ ಡಬ್ಬ ಕೇಳಿದಳು. ಜೂನ್‌ಗೆ ವಾಪಸ್ ಬೇಕು ಅಂತ ಹೇಳಿ ಕೊಟ್ಟೆ. 12 ಇಟ್ಟಳು, 21ನೇ ದಿನಕ್ಕೆ ಹತ್ತು ಮರಿ. ಗುಂಡಿ ಒಂದು ಸಲವೂ ತೊಂದರೆ ಕೊಡಲಿಲ್ಲವಂತೆ. ಥರ್ಮೋಸ್ಟಾಟ್ ನಾನು ಕೊಟ್ಟಿರಲಿಲ್ಲ.